ಓದಿ, ಅರ್ಥ ಮಾಡಿಕೊಂಡು ಸಹಿ ಹಾಕಿದ್ದೇನೆ

ಹಳ್ಳಿಯ ಕಡೆ ಮೇಷ್ಟ್ರಾದವನಿಗೆ ಪಾಠ ಹೇಳುವುದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಅಂಟಿಕೊಂಡಿರುತ್ತದೆ. ಅದು ಊರಿನವರ ಕಾಗದ ಓದುವ ಕೆಲಸ. ಪಹಣಿ, ಕೋರ್ಟಿನ ನೋಟಿಸು, ಎಲ್‌ಐಸಿ ಬಾಂಡು, ಕರೆಂಟಿನವರ ಬಾಕಿ ಪತ್ರ, ಏನೇ ಬಂದರೂ "ಮೇಷ್ಟ್ರಿಗೆ ತೋರಿಸ್ಕಂಡ್ ಬಾ" ಎಂದು ಕಳಿಸುತ್ತಾರೆ. ನಾನು ಬಿಎಸ್ಸಿ, ಬಿಎಡ್. ತಿಪಟೂರಿನ ಹತ್ತಿರದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಕಾನೂನಿನ ಗಂಧ ನನಗೇನೂ ಇಲ್ಲ. ಆದರೂ ಇಪ್ಪತ್ತೆಂಟು ವರ್ಷಗಳಿಂದ ಕನ್ನಡಕ ಏರಿಸಿಕೊಂಡು ಓದಿ ಹೇಳುತ್ತಾ ಬಂದಿದ್ದೇನೆ, ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ಆ ಜಂಬ ಇಳಿದ ಬಗೆಯನ್ನು ಹೇಳಬೇಕು.

2022ರ ಶ್ರಾವಣ ಮಾಸ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹತ್ತನೇ ತರಗತಿಯಲ್ಲಿ ಓಮನ ನಿಯಮವನ್ನು ಮೂರು ಸಲ ಬರೆಸಿದ್ದೆ, ಅವನಿಗೆ ಅದು ಹತ್ತಿರಲಿಲ್ಲ. ಆದರೆ ಕಾರಿನ ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಅವನ ಮುಂದೆ ನಾನೇ ಕೊನೆಯ ಬೆಂಚಿನವನು. ಹತ್ತು ವರ್ಷ ಇನ್ನೊಬ್ಬರ ಕಾರು ಓಡಿಸಿ ಸಾಕಾಗಿತ್ತು. ಹಳದಿ ಬೋರ್ಡಿನ ಸ್ವಂತ ಕಾರು ಮಾಡಬೇಕೆಂಬ ಆಸೆ. ಐದು ಲಕ್ಷ ಸಾಲ ಬೇಕು, ಜಾಮೀನಿಗೆ ಸರ್ಕಾರಿ ನೌಕರರೊಬ್ಬರು ಬೇಕು.

"ಸಾ, ನೀವು ಬಂದು ಕಾಗದ ಎಲ್ಲ ಒಂದ್ಸಲ ಓದ್ಬಿಟ್ರೆ ನಂಗೆ ಧೈರ್ಯ" ಎಂದ.

ಒಳಗಿನಿಂದ ನನ್ನಾಕೆ "ಜಾಮೀನು ಅಂದ್ರೆ ಹುಷಾರು ಕಣ್ರೀ" ಎಂದಳು. ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂಬಂತೆ ನಾನು ಚಪ್ಪಲಿ ಮೆಟ್ಟಿದೆ.

ಮೊದಲು ಬ್ಯಾಂಕಿಗೆ ಹೋದೆವು. ಅಲ್ಲಿ ವರ್ಷಕ್ಕೆ ಶೇಕಡಾ 11 ಬಡ್ಡಿ ಎಂದರು, ಮೂರು ವರ್ಷದ ಆದಾಯದ ಲೆಕ್ಕ ಕೇಳಿದರು, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಅಲ್ಲಿಂದ ತುಮಕೂರಿನ ಕಾರು ಅಂಗಡಿಗೆ ಹೋದರೆ, ಗಾಜಿನ ಬಾಗಿಲು, ತಣ್ಣನೆ ಗಾಳಿ, ಕೂತ ತಕ್ಷಣ ಕಾಫಿ. ಟೈ ಕಟ್ಟಿದ ಹುಡುಗನೊಬ್ಬ ಒಂದು ಹಣಕಾಸು ಕಂಪನಿಯ ಹೆಸರು ಹೇಳಿ, "ಒಂಬತ್ತು ಪರ್ಸೆಂಟ್ ಸಾರ್, ಫ್ಲಾಟ್. ಇವತ್ತೇ ಸ್ಯಾಂಕ್ಷನ್" ಎಂದ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐದು ಲಕ್ಷಕ್ಕೆ ಶೇಕಡಾ 9ರಂತೆ ವರ್ಷಕ್ಕೆ 45,000. ಐದು ವರ್ಷಕ್ಕೆ 2,25,000. ಒಟ್ಟು 7,25,000; ಅರವತ್ತು ಕಂತಿಗೆ ಹಂಚಿದರೆ ತಿಂಗಳಿಗೆ 12,083. ಹುಡುಗ ಕಂಪ್ಯೂಟರಿನಲ್ಲಿ ತೋರಿಸಿದ್ದೂ ಅದೇ 12,083. ಪೈಸೆ ಸಹಿತ ತಾಳೆಯಾಯಿತು. ಹೆಮ್ಮೆಯಿಂದ ಶಿಷ್ಯನ ಕಡೆ ತಿರುಗಿ, "ಬ್ಯಾಂಕಿಗಿಂತ ಎರಡು ಪರ್ಸೆಂಟು ಕಡಿಮೆ ಕಣೋ. ಇಲ್ಲೇ ಮಾಡು" ಎಂದೆ.

ಈ ಮಾತನ್ನು ಬೇರೆ ಯಾರೂ ಅವನಿಗೆ ಹೇಳಲಿಲ್ಲ. ಹೇಳಿದವನು ನಾನು.

ಆಮೇಲೆ ಕಾಗದಗಳ ಕಟ್ಟು ಬಂತು. ಇಂಗ್ಲಿಷು, ಸಾಸಿವೆ ಕಾಳಿನ ಗಾತ್ರದ ಅಕ್ಷರ, ಅಲ್ಲಲ್ಲಿ ಖಾಲಿ ಜಾಗ, ಸಹಿ ಹಾಕಬೇಕಾದಲ್ಲಿ ಪೆನ್ಸಿಲಿನ ಗುರುತು. ಎರಡು ಪುಟ ಓದುವಷ್ಟರಲ್ಲಿ ಹುಡುಗ "ಎಲ್ಲಾ ಸ್ಟಾಂಡರ್ಡ್ ಸಾರ್, ಎಲ್ಲರಿಗೂ ಇದೇ" ಎಂದ. ಹಿಂದೆ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದರು. ಶಿಷ್ಯನೂ ನಾನೂ ಗುರುತಿದ್ದಲ್ಲೆಲ್ಲ ಸಹಿ ಹಾಕಿದೆವು. ಕೊನೆಯ ಪುಟದಲ್ಲಿ, ಮೇಲಿನದ್ದನ್ನೆಲ್ಲ ಓದಿ ಅರ್ಥ ಮಾಡಿಕೊಂಡಿದ್ದೇನೆ ಎಂಬ ಸಾಲಿತ್ತು. ಅದರ ಕೆಳಗೂ ಹಾಕಿದೆವು. ದಾಖಲೆ ವೆಚ್ಚ, ಸಾಲದ ವಿಮೆ ಎಂದೆಲ್ಲ 16,000 ಮುರಿದುಕೊಂಡು 4,84,000 ಕೊಟ್ಟರು. ಕರಾರಿನ ಪ್ರತಿ ಕೇಳಿದ್ದಕ್ಕೆ "ಪೋಸ್ಟಲ್ಲಿ ಬರತ್ತೆ ಸಾರ್" ಎಂದರು. ಬರಲಿಲ್ಲ. ನಾವೂ ಮರೆತೆವು.

ಹುಡುಗ ನಿಯತ್ತಿನವನು. ಇಪ್ಪತ್ತನಾಲ್ಕು ಕಂತು, ಒಂದೂ ತಪ್ಪಿಸಲಿಲ್ಲ. 2024ರಲ್ಲಿ ತೋಟದ ಕೊಬ್ಬರಿ ಮಾರಿದ್ದು, ಹೆಂಡತಿ ಎತ್ತಿದ ಚೀಟಿ ಹಣ ಎಲ್ಲ ಸೇರಿ 3 ಲಕ್ಷ ಕೂಡಿತು. ಸಾಲ ತೀರಿಸಿಬಿಡೋಣವೆಂದು ಬಂದ. ಲೆಕ್ಕ ಸರಳವಾಗಿತ್ತು. ಐದು ಲಕ್ಷವನ್ನು ಅರವತ್ತು ಪಾಲು ಮಾಡಿದರೆ ಇಪ್ಪತ್ತನಾಲ್ಕು ಪಾಲಿಗೆ 2 ಲಕ್ಷ ಅಸಲು ತೀರಿದೆ, ಇನ್ನು ಉಳಿದದ್ದು 3 ಲಕ್ಷ. ಇದನ್ನೂ ನಾನೇ ಹೇಳಿದ್ದು.

ಕಂಪನಿಯವರು ಕೊಟ್ಟ ಚೀಟಿಯಲ್ಲಿ ಉಳಿದ ಅಸಲು 3,45,080 ಎಂದಿತ್ತು. ಅವಧಿಗೆ ಮುಂಚೆ ತೀರಿಸುವುದಕ್ಕೆ ಶೇಕಡಾ 5 ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ. ಒಟ್ಟು 3,65,440.

ಅವನು ಆ ಚೀಟಿಯನ್ನು ನನ್ನ ಮುಂದೆ ಇಟ್ಟು ಜಗಳವಾಡಲಿಲ್ಲ. ಮೆಲ್ಲಗೆ, "ಸಾ, ನೀವು ಓದಿದ್ರಲ್ವಾ?" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ನೋಟ್ ಪುಸ್ತಕ ತೆಗೆದುಕೊಂಡೆ. ಓದುಗರು ಬೇಸರಿಸದೆ ಈ ಲೆಕ್ಕವನ್ನು ನನ್ನ ಜೊತೆ ಒಮ್ಮೆ ಹಾಕಬೇಕು. ನಮ್ಮ ತಂದೆ ಕೊಬ್ಬರಿ ಮಂಡಿಯ ಸಾಹುಕಾರರಲ್ಲಿ ಸಾಲ ಮಾಡುತ್ತಿದ್ದರು. ಸಾಹುಕಾರರು ಧರ್ಮರಾಯರೇನೂ ಅಲ್ಲ. ಆದರೆ ನೂರು ರೂಪಾಯಿ ಅಸಲಿಗೆ ಜಮಾ ಮಾಡಿದರೆ ಮಾರನೆಯ ದಿನದಿಂದ ಆ ನೂರಕ್ಕೆ ಬಡ್ಡಿ ನಿಲ್ಲುತ್ತಿತ್ತು. ಐದು ಮೂಟೆ ಭತ್ತ ಕಡ ತಂದವನು ವರ್ಷಕ್ಕೊಂದು ಮೂಟೆ ಹಿಂದಿರುಗಿಸುತ್ತಾ ಬಂದರೆ, ಕೊನೆಯ ವರ್ಷ ಅವನ ಮನೆಯಲ್ಲಿರುವುದು ಒಂದೇ ಮೂಟೆ. ಆಗಲೂ ಐದು ಮೂಟೆಗೆ ಬಡ್ಡಿ ಕೊಡು ಎಂದರೆ? ಫ್ಲಾಟ್ ಎಂಬ ಆ ಪುಟ್ಟ ಪದದ ಅರ್ಥ ಇಷ್ಟೇ. ಪ್ರತಿ ತಿಂಗಳೂ ಸಾಲ ಕರಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದ ಐದು ಲಕ್ಷವನ್ನೇ ಹಿಡಿದುಕೊಂಡು ಕೂತಿರುತ್ತದೆ.

ಹಾಗಾದರೆ ಕರಗುವ ಸಾಲದ ಮೇಲೆ ನಿಜವಾಗಿ ಬಿದ್ದ ದರವೆಷ್ಟು? ಒಂದು ದರ ಊಹಿಸಿ, ಅರವತ್ತು ತಿಂಗಳಿಗೂ ಅಸಲು ಬಡ್ಡಿ ಬೇರ್ಪಡಿಸಿ, ಕೊನೆಗೆ ಸೊನ್ನೆ ಬರುತ್ತದೋ ನೋಡಿ, ಬಾರದಿದ್ದರೆ ಬೇರೆ ದರ ಹಿಡಿದು ಮತ್ತೆ ಮೊದಲಿನಿಂದ. ಬೆಳಗಿನ ಜಾವ ಉತ್ತರ ಸಿಕ್ಕಿತು: ಶೇಕಡಾ 15.7. (ಮಗಳು ಎದ್ದು ಕಂಪ್ಯೂಟರಿನಲ್ಲಿ ಅರೆನಿಮಿಷದಲ್ಲಿ ಅದೇ ಉತ್ತರ ತೆಗೆದು ತೋರಿಸಿದಳು. ಇರಲಿ.) ಮುರಿದುಕೊಂಡ 16,000ವನ್ನೂ ಸೇರಿಸಿದರೆ ಶೇಕಡಾ 17 ದಾಟುತ್ತದೆ. ಅಂಗಡಿಯಲ್ಲಿ ಹೇಳಿದ್ದು ಒಂಬತ್ತು. ನಾನು ಬೇಡವೆನಿಸಿದ ಬ್ಯಾಂಕಿನ ಹನ್ನೊಂದು ಕರಗುವ ಸಾಲದ ಮೇಲಿನ ಹನ್ನೊಂದು. ಅಲ್ಲಿ ಕಂತು 10,871 ಆಗುತ್ತಿತ್ತು. ನನ್ನ ಬುದ್ಧಿಮಾತಿನ ಬೆಲೆ ತಿಂಗಳಿಗೆ 1,212 ರೂಪಾಯಿ. ಅರವತ್ತು ತಿಂಗಳಿಗೆ 72,000ಕ್ಕೂ ಮೇಲೆ.

ಇನ್ನೊಂದು ಸೂಕ್ಷ್ಮವಿದೆ. ಬಡ್ಡಿ ಕಟ್ಟುವಾಗ ಫ್ಲಾಟ್ ಅಳತೆಗೋಲು. ಉಳಿದ ಅಸಲು ಎಷ್ಟೆಂದು ಹೇಳುವಾಗ ಮಾತ್ರ ಕರಗುವ ಸಾಲದ ಅಳತೆಗೋಲು. ಮೊದಲ ಕಂತಿನ 12,083ರಲ್ಲಿ 8,333 ಅಸಲಿಗೆ ಹೋಯಿತೆಂದು ನಾವು ತಿಳಿದಿದ್ದೆವು. ಅವರ ಪಟ್ಟಿಯಲ್ಲಿ ಅಸಲಿಗೆ ಹೋದದ್ದು 5,535, ಬಡ್ಡಿಗೆ 6,548. ಹೀಗೆ ಎರಡು ವರ್ಷದಲ್ಲಿ 45,000ದ ವ್ಯತ್ಯಾಸ. ನ್ಯಾಯವಾಗಿ ಹೇಳಬೇಕೆಂದರೆ ಆ ಪಟ್ಟಿಯಲ್ಲಿ ಗಣಿತದ ತಪ್ಪಿಲ್ಲ. ಶೇಕಡಾ 15.7ಕ್ಕೆ ಅದು ಸರಿಯಾದ ಪಟ್ಟಿ. ತಪ್ಪಿದ್ದದ್ದು ಬಾಯಲ್ಲಿ ಹೇಳಿದ ಒಂಬತ್ತರಲ್ಲಿ, ಮತ್ತು ಅದನ್ನು ಹನ್ನೊಂದರ ಪಕ್ಕ ಇಟ್ಟು ಹೋಲಿಸಿದ ನನ್ನ ತಲೆಯಲ್ಲಿ. ಒಂದು ಮೀಟರು, ಒಂದು ಗಜ ಎರಡನ್ನೂ ಹೋಲಿಸುವ ಮೊದಲು ಏಕಮಾನ ಒಂದೇ ಮಾಡಿಕೊಳ್ಳಿ ಎಂದು ಎಂಟನೇ ತರಗತಿಯ ಮಕ್ಕಳಿಗೆ ವರ್ಷಾ ವರ್ಷಾ ಹೇಳುವವನು ನಾನು.

ಬೈದುಕೊಂಡು ಕೂತರೆ ಆಗುವುದಿಲ್ಲ. ಓದಲು ಶುರು ಮಾಡಿದೆ, ಈ ಸಲ ನಿಜವಾಗಿ. ಮೊದಲು ಸಿಕ್ಕಿದ್ದು ಕಹಿ ಸುದ್ದಿ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ನನ್ನಾಕೆಗೆ ಇದನ್ನು ಓದಿ ಹೇಳಲಿಲ್ಲ. ಆಮೇಲೆ ಸಿಕ್ಕಿದ್ದು ಸಮಾಧಾನದ ಮಾತು. ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕು ವಿಧಿಸಿರುವ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲಿ, ಸಾಲದ ಷರತ್ತನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲಿ ತಿಳಿಸಬೇಕು, ಬಡ್ಡಿಯನ್ನು ವಾರ್ಷಿಕ ದರದಲ್ಲಿ ಹೇಳಬೇಕು, ಕರಾರಿನ ಪ್ರತಿಯನ್ನು ಲಗತ್ತುಗಳ ಸಹಿತ ಕೊಡಬೇಕು ಎಂದಿದೆ. ಮೂರೂ ನಮಗೆ ಸಿಕ್ಕಿರಲಿಲ್ಲ.

ಕಾರು ಬಾಡಿಗೆಗೆ ಓಡುವುದರಿಂದ ಇದು ವ್ಯಾಪಾರ, ನೀವು ಗ್ರಾಹಕರೇ ಅಲ್ಲ ಎಂದು ಒಬ್ಬರು ಹೆದರಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದು ನೋಡಿದೆ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡದ್ದು ವಾಣಿಜ್ಯ ಉದ್ದೇಶವಾಗುವುದಿಲ್ಲ ಎಂಬ ವಿವರಣೆ ಅದರಲ್ಲೇ ಇದೆ. ಸ್ವಂತ ಕಾರನ್ನು ತಾನೇ ಓಡಿಸುವ ಚಾಲಕನಿಗೆ ಇದು ದೊಡ್ಡ ಆಸರೆ. ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ, ಪ್ರತಿಫಲವಾಗಿ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಕರಾರೇ ಅನ್ಯಾಯದ್ದು ಎಂದು ವಾದಿಸುವುದಾದರೆ ರಾಜ್ಯ ಆಯೋಗದ ಬಾಗಿಲು ತಟ್ಟಬೇಕು.

ನಾವು ಮೊದಲು ಕಂಪನಿಯ ದೂರು ವಿಭಾಗದ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕನ್ನಡದಲ್ಲೇ ಪತ್ರ ಬರೆದೆವು. ಕರಾರಿನ ಪ್ರತಿ ಕೊಡಿ, ವಾರ್ಷಿಕ ದರ ಎಷ್ಟೆಂದು ಬರೆದು ತಿಳಿಸಿ, ಮುಂಚಿತ ಪಾವತಿಯ ಶುಲ್ಕವನ್ನು ನಮಗೆ ಯಾವ ಭಾಷೆಯಲ್ಲಿ ಯಾವಾಗ ತಿಳಿಸಿದಿರಿ ಎಂದು ಹೇಳಿ. ಮೂವತ್ತು ದಿನ ಕಾದೆವು, ಉತ್ತರವಿಲ್ಲ. ಮೂವತ್ತೊಂದನೆಯ ದಿನ, 2021ರ ನವೆಂಬರ್‌ನಲ್ಲಿ ಜಾರಿಗೆ ಬಂದ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹೋಯಿತು. ಇದಕ್ಕೂ ಖರ್ಚಿಲ್ಲ. ಅದಾದ ಮೇಲೆ ಕಂಪನಿಯಿಂದ ಫೋನು ಬಂತು. ಎರಡು ವರ್ಷದಲ್ಲಿ ಮೊದಲ ಬಾರಿ ಕನ್ನಡದಲ್ಲಿ, ಬಹುವಚನದಲ್ಲಿ.

ಗೆದ್ದೆವೆಂದು ಹೇಳಲಾರೆ. ಮುಂಚಿತ ಪಾವತಿಯ ಶುಲ್ಕವನ್ನೂ ಅದರ ಜಿಎಸ್‌ಟಿಯನ್ನೂ ಬಿಟ್ಟರು, ಕರಾರಿನ ಪ್ರತಿ ಬಂತು. ಬಡ್ಡಿಯ ವಿಷಯದಲ್ಲಿ ಜಗ್ಗಲಿಲ್ಲ. ಕಂತಿನ ಮೊತ್ತ, ಕಂತಿನ ಸಂಖ್ಯೆ ಎರಡೂ ಸಹಿಯ ಮೇಲೆಯೇ ಇದ್ದವು. ಆಯೋಗಕ್ಕೆ ಹೋಗೋಣವೇ ಎಂದು ಶಿಷ್ಯನನ್ನು ಕೇಳಿದೆ. "ತುಮಕೂರಿಗೆ ಒಂದಿನ ಹೋದ್ರೆ ಒಂದಿನದ ಬಾಡಿಗೆ ಹೋಯ್ತದೆ ಸಾ" ಎಂದ. ಅದೂ ಒಂದು ಲೆಕ್ಕವೇ.

ಆ ಟೈ ಕಟ್ಟಿದ ಹುಡುಗ ಯಾರ ಕಡೆಯವನು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಾವು ಕೂತದ್ದು ಕಾರು ಅಂಗಡಿಯಲ್ಲಿ, ಸಾಲ ಕೊಟ್ಟದ್ದು ಕಂಪನಿ. ನಡುವೆ ಕಾಫಿ ಕೊಟ್ಟು ಹಿತ ಹೇಳಿದವನಿಗೆ ಕಂಪನಿ ಏನು ಕೊಟ್ಟಿತು? ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಹಳೆಯ ಕಾರೊಂದನ್ನು ಸಾಲದಲ್ಲಿ ಕೊಂಡವರೊಬ್ಬರ ಪ್ರಕರಣದಲ್ಲಿ, ಸಾಲದ ಒಟ್ಟು ವೆಚ್ಚದ ಶೇಕಡಾ 55ರಷ್ಟು ಮೊತ್ತ ಅಂಗಡಿಯವನಿಗೆ ಕಮಿಷನ್ನಾಗಿ ಹೋಗಿತ್ತು, ಕೊಂಡವರಿಗೆ ಅದು ತಿಳಿದಿರಲಿಲ್ಲ. 2025ರ ಆಗಸ್ಟ್ 1ರ ತೀರ್ಪಿನಲ್ಲಿ ಕೋರ್ಟು ಬೇರೆ ವಾದಗಳನ್ನು ಬಹುಮಟ್ಟಿಗೆ ತಳ್ಳಿಹಾಕಿತಾದರೂ ಆ ಒಬ್ಬರ ಮಟ್ಟಿಗೆ ವ್ಯವಹಾರ ಅನ್ಯಾಯದ್ದೆಂದು ಹೇಳಿತು. ನಮ್ಮ ಹುಡುಗನಿಗೆ ಎಷ್ಟು ಬಂತೆಂದು ನಾನು ಕೇಳಿರಲಿಲ್ಲ. ಕಾಫಿ ಕುಡಿದಿದ್ದೆ.

ನಮ್ಮಲ್ಲೂ ಒಂದು ಒಳ್ಳೆಯ ಕೆಲಸವಾಗಿದೆ. 2024ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಅದೇ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಕಾಗದ ಕಡ್ಡಾಯ ಮಾಡಿತು. ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರ, ಅಂದರೆ ಎ.ಪಿ.ಆರ್., ಅದರಲ್ಲಿ ಇರಲೇಬೇಕು. ಪ್ರತಿ ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂಬ ಪಟ್ಟಿಯೂ ಇರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಆ ಕಾಗದವನ್ನು ಮನೆಗೆ ಒಯ್ದು ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಸಮಯ ಕೊಡಬೇಕು. ನಮ್ಮ ಸಾಲ 2022ರದ್ದು; ಈ ಕಾಗದ ಹುಟ್ಟುವ ಮೊದಲೇ ನಾವು ಬಲಿಯಾಗಿದ್ದೆವು. ಈಗ ನಮ್ಮ ಊರಿನವರು ಟ್ರಾಕ್ಟರು, ಬೈಕು ಎಂದು ಬಂದರೆ ನಾನು ಉಳಿದ ಪುಟಗಳನ್ನು ಪಕ್ಕಕ್ಕಿಟ್ಟು ಮೊದಲು ಆ ಒಂದು ಕಾಗದ ಕೇಳುತ್ತೇನೆ.

ಪತ್ರ ವ್ಯವಹಾರದ ಮೂರು ತಿಂಗಳಲ್ಲಿ ಶಿಷ್ಯ ಮತ್ತೆ ಮೂರು ಕಂತು, 36,250 ಕಟ್ಟಿದ್ದ. ಅಸಲು ಇಳಿದದ್ದು 23,000 ಮಾತ್ರ; ಉಳಿದದ್ದು ಸುಮಾರು 3,22,000. ಅವನ ಕೈಯಲ್ಲಿದ್ದದ್ದು 3 ಲಕ್ಷ. ಕಡಿಮೆ ಬಿದ್ದ 22,000ವನ್ನು ನಾನು ಕೊಟ್ಟೆ. ಬೇಡವೆಂದು ಒಂದು ವಾರ ಮನೆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಸಾಲವಾಗಿಯಾದರೆ ಮಾತ್ರ ಎಂದು ಒಪ್ಪಿದ. ಫಾರಂ 35ಕ್ಕೆ ಕಂಪನಿಯ ಸಹಿ ಮಾಡಿಸಿ, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಯಿಂದ ಅವರ ಹೆಸರು ತೆಗೆಸಿದ ದಿನ, ಕಾರು ತೊಳೆದು, ನಿಂಬೆಹಣ್ಣು ಕಟ್ಟಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ದೇವಸ್ಥಾನಕ್ಕೆ ಕರೆದೊಯ್ದ.

ದಾರಿಯಲ್ಲಿ ಕೇಳಿದ, "ಬಡ್ಡಿ ಎಷ್ಟು ಸಾ?"

"ಬಡ್ಡಿ ಗಿಡ್ಡಿ ಏನೂ ಬೇಡ ಕಣೋ."

"ಅಂಗಂದ್ರೆ ಆಗಲ್ಲ ಸಾ. ಬರೆದು ಕೊಡಿ."

ಹಿಂದಿನ ಸೀಟಿನಿಂದ ನನ್ನಾಕೆ, "ಜಾಮೀನು ಯಾರಪ್ಪ ಹಾಕ್ತಾರೆ?" ಎಂದಳು.

ಬಡ್ಡಿ ಬರೆಯಲಿಲ್ಲ. ಆದರೂ ತಿಂಗಳ ಮೊದಲ ಭಾನುವಾರ ಬಂದು 2,000 ಇಟ್ಟು, ಜೇಬಿನಿಂದ ಇನ್ನೂರು ಪುಟದ ಸಣ್ಣ ನೋಟ್ ಪುಸ್ತಕ ತೆಗೆದು, ತಾರೀಖು ಹಾಕಿ ನನ್ನ ಕೈಲಿ ಸಹಿ ಮಾಡಿಸಿಕೊಳ್ಳುತ್ತಿದ್ದ. ಮೂರು ಕಲಂ ಗೆರೆ ಎಳೆದಿದ್ದ. ಕೊನೆಯ ಕಲಮಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಉಳಿದ ಅಸಲು' ಎಂದು ಬರೆದು ಕೆಂಪು ಶಾಯಿಯಲ್ಲಿ ಎರಡು ಸಲ ಅಡಿಗೆರೆ ಎಳೆದಿದ್ದ.