ಬಿಸಿಯ ಲೆಕ್ಕ

ಮರುಭೂಮಿಯ ರಸ್ತೆ ಸ್ಪೋರ್ಟ್ಸ್ ಕಾರಿಗೆ ಹೇಳಿ ಮಾಡಿಸಿದ ಜಾಗ ಎಂದು ಬಹಳ ಜನ ನಂಬಿದ್ದಾರೆ. ಜಾಹೀರಾತುಗಳು ತೋರಿಸುವುದೂ ಅದನ್ನೇ: ಕಣ್ಣು ಹಾಯುವವರೆಗೆ ನೇರ ದಾರಿ, ಎದುರಿಗೆ ಯಾರೂ ಇಲ್ಲ, ಹಿಂದೆ ಏಳುವ ಧೂಳು. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯೊಳಗೆ ಹೋಗುವ 190ನೇ ರಸ್ತೆಯ ಫಲಕಗಳು ಬೇರೆಯೇ ಹೇಳುತ್ತವೆ. ಹೆಚ್ಚಿನ ಕಡೆ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರ್. ನನ್ನ ಪೋರ್ಷೆ 911ಕ್ಕೆ ಗಂಟೆಗೆ 295 ಕಿಲೋಮೀಟರ್ ಓಡುವ ಶಕ್ತಿ ಇದೆ. ಆ ಶಕ್ತಿಯ ಮೂರನೇ ಒಂದು ಭಾಗವನ್ನೂ ಅಲ್ಲಿ ಬಳಸುವಂತಿಲ್ಲ, ಬಳಸಲೂಬಾರದು. ಹಾಗಿದ್ದರೂ ಆ ಕಾರನ್ನು ಓಡಿಸಲು ನಾನು ಕಂಡ ಅತ್ಯುತ್ತಮ ದಾರಿ ಅದೇ. ಈ ಕಾರು ನಿಜಕ್ಕೂ ಯಾವುದಕ್ಕಾಗಿ ಕಟ್ಟಿದ ಯಂತ್ರ ಎಂಬುದು ನನಗೆ ತಿಳಿದದ್ದು ಅಲ್ಲಿಯ ಬಿಸಿಲಿನಲ್ಲಿ.

ಪೆಟ್ರೋಲ್ ಇಂಜಿನ್ನಿನ ಲೆಕ್ಕ ಸರಳ. ಉರಿದ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಗಾಲಿಯನ್ನು ತಿರುಗಿಸುತ್ತದೆ. ಮಿಕ್ಕಿದ್ದೆಲ್ಲ ಶಾಖ, ಅರ್ಧ ಸೈಲೆನ್ಸರಿನಿಂದ, ಅರ್ಧ ರೇಡಿಯೇಟರಿನಿಂದ ಹೊರಗೆ ಹೋಗಬೇಕು. 370 ಅಶ್ವಶಕ್ತಿ ಕೊಡುವ ಇಂಜಿನ್ ಪೂರ್ತಿ ದುಡಿಯುವಾಗ ಅದರ ಎರಡರಷ್ಟು ಬಿಸಿಯನ್ನೂ ಹುಟ್ಟಿಸುತ್ತಿರುತ್ತದೆ. ವೇಗ ಹೆಚ್ಚಿಸುವುದಕ್ಕಿಂತ ಈ ಬಿಸಿಯನ್ನು ಎಲ್ಲಿ ಬಿಡುವುದು ಎಂಬುದೇ ಅಂಥ ಕಾರು ಕಟ್ಟುವವರ ದೊಡ್ಡ ಚಿಂತೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ 911 ಇಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ಹುಟ್ಟಿತು. ಅದಕ್ಕೆ ರೇಡಿಯೇಟರ್ ಇರಲಿಲ್ಲ. ದೊಡ್ಡ ಫ್ಯಾನ್ ಬೀಸುವ ಗಾಳಿ ಮತ್ತು ಧಾರಾಳವಾದ ಆಯಿಲ್, ಇವೆರಡೇ ಅದನ್ನು ತಂಪಾಗಿಡುತ್ತಿದ್ದವು. 1998ರವರೆಗೂ ಆ ಪದ್ಧತಿಯನ್ನು ಬಿಡಲಿಲ್ಲ. ಆಮೇಲೆ ಬಂದ ಕಾರುಗಳಲ್ಲಿ ಇಂಜಿನ್ ಹಿಂದೆ, ರೇಡಿಯೇಟರುಗಳು ಮುಂದಿನ ಗಾಲಿಗಳ ಎದುರಿಗೆ. ಇಪ್ಪತ್ತು ಲೀಟರಿಗೂ ಹೆಚ್ಚು ಕೂಲೆಂಟ್ ಕಾರಿನ ಉದ್ದಕ್ಕೂ ಹೋಗಿ ಬರುತ್ತಿರುತ್ತದೆ. ನನ್ನ ಕಾರು ಈ ಎರಡನೇ ಬಗೆಯದು. ಅದರ ಮೇಲೆ ಎರಡು ಟರ್ಬೋ ಬೇರೆ.

ಹುಬ್ಬಳ್ಳಿಯಿಂದ ನಮ್ಮ ಸೋದರಮಾವ ಲಾಸ್ ಏಂಜಲೀಸಿನ ನಮ್ಮ ಮನೆಗೆ ಬಂದಿದ್ದರು. ಅಂಕೋಲಾ ಕಡೆಗೆ ಅರಬೈಲ್ ಘಟ್ಟ ಇಳಿದು ಹತ್ತುವ ಲಾರಿಗಳನ್ನು ಜೀವಮಾನವಿಡೀ ರಿಪೇರಿ ಮಾಡಿದವರು. ಸಾನ್ ಫ್ರಾನ್ಸಿಸ್ಕೋದ ಸೇತುವೆ, ಹಾಲಿವುಡ್ಡಿನ ಗುಡ್ಡ ಎಲ್ಲ ತೋರಿಸಿಯಾಗಿತ್ತು. ಅವರಿಗೆ ಅದರಲ್ಲೆಲ್ಲ ಅಷ್ಟು ಮನಸ್ಸಿರಲಿಲ್ಲ. ಡೆತ್ ವ್ಯಾಲಿಗೆ ಹೋಗೋಣವೇ ಎಂದಾಗ ಎದ್ದು ನೇರ ಗ್ಯಾರೇಜಿಗೆ ನಡೆದರು. ಹಿಂದಿನ ಮುಚ್ಚಳ ಎತ್ತಿ ಬಹಳ ಹೊತ್ತು ನೋಡಿದರು.

"ಇಂಜಿನ್ ಎಲ್ಲೈತಿ ತಮ್ಮಾ? ಬರೇ ಫ್ಯಾನ್ ಅದಾವಲ್ಲ."

"ಕೆಳಗ ಐತ್ರಿ ಮಾಮಾ. ಮ್ಯಾಲಿಂದ ಕಾಣಂಗಿಲ್ಲ. ಆಯಿಲ್ ಹಾಕೋ ಮುಚ್ಚಳ, ನೀರು ಹಾಕೋ ಮುಚ್ಚಳ, ಅಷ್ಟ ನಮಗ ಬಿಟ್ಟಾರ."

"ನೀರು ಎಲ್ಲಿ ಆರತೈತಿ?"

ಮುಂದೆ ಎಂದೆ. ಅವರು ಮುಂಭಾಗಕ್ಕೆ ಬಂದು ಮೊಣಕಾಲೂರಿ, ಬಂಪರಿನ ಎರಡೂ ಬದಿಯ ಬಾಯಿಗಳೊಳಗೆ ಟಾರ್ಚ್ ಬಿಟ್ಟು ನೋಡಿದರು. ಮರದ ಕೆಳಗೆ ನಿಲ್ಲುವ ಯಾವ 911ರಲ್ಲಾದರೂ ಅಲ್ಲಿ ಒಣ ಎಲೆ, ಕಡ್ಡಿ, ಹುಳುಗಳ ರೆಕ್ಕೆ ಸೇರಿಕೊಂಡಿರುತ್ತವೆ. ವ್ಯಾಕ್ಯೂಮ್ ಕ್ಲೀನರನ್ನೂ ಮೆತ್ತನೆಯ ಬ್ರಷ್ಷನ್ನೂ ಹಿಡಿದು, ರೇಡಿಯೇಟರಿನ ತೆಳು ರೆಕ್ಕೆಗಳು ಒಂದೂ ಬಾಗದಂತೆ ಅವರು ಅದನ್ನು ಬಿಡಿಸಿದ ರೀತಿಯನ್ನು ನಾನು ಮರೆಯಲಾರೆ. ನಾವಿಬ್ಬರೂ ಒಂದೇ ಭಾಷೆ ಮಾತಾಡುತ್ತಿದ್ದೇವೆ ಎಂದು ಆ ಮಧ್ಯಾಹ್ನ ಅನಿಸಿತು.

ಜೂನ್ ತಿಂಗಳು. ಲಾಸ್ ಏಂಜಲೀಸ್ ಬಿಟ್ಟಾಗ ಇನ್ನೂ ಕತ್ತಲೆ. ಮೊಹಾವಿ ಊರು ದಾಟಿ 395ನೇ ಹೆದ್ದಾರಿ ಹಿಡಿದರೆ ಎಡಕ್ಕೆ ಸಿಯೆರಾ ನೆವಾಡಾ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಒಲಾಂಚಾದಲ್ಲಿ ಬಲಕ್ಕೆ ತಿರುಗಿದರೆ 190. ಅಲ್ಲಿ ಮೊದಲು ಎದುರಾಗುವುದು ಓವೆನ್ಸ್ ಸರೋವರದ ಬಿಳಿ ತಳ. ಈ ಕಣಿವೆಯ ನದಿಯ ನೀರನ್ನು ಲಾಸ್ ಏಂಜಲೀಸಿಗೆ ಒಯ್ಯುವ ಕಾಲುವೆ 1913ರ ನವೆಂಬರಿನಲ್ಲಿ ಹರಿಯತೊಡಗಿತು. ಮುಂದಿನ ದಶಕದಲ್ಲಿ ಸರೋವರ ಬತ್ತಿತು. ನನ್ನ ಮನೆಯ ನಲ್ಲಿಯಲ್ಲಿ ಬರುವ ನೀರಿಗೂ ಈ ಬಿಳಿ ಧೂಳಿಗೂ ಸಂಬಂಧವಿದೆ ಎಂಬುದನ್ನು ಆ ತಿರುವಿನಲ್ಲಿ ಪ್ರತಿ ಸಲವೂ ನೆನೆಯುತ್ತೇನೆ.

ದಾರಿ ಏರಿ ಜೋಶುವಾ ಮರಗಳ ಬಯಲು ದಾಟಿ, ತಿರುಗಿ ತಿರುಗಿ ಪ್ಯಾನಮಿಂಟ್ ಕಣಿವೆಗೆ ಇಳಿಯುತ್ತದೆ. ಅದರ ಆಚೆಗೆ ಮತ್ತೊಂದು ಏರು, ಟೌನ್ ಪಾಸ್, 1,511 ಮೀಟರ್. ಏರಿನ ಬುಡದಲ್ಲಿ ಒಂದು ಫಲಕ: ಇಂಜಿನ್ ಕಾಯದಂತೆ ಏಸಿ ಆರಿಸಿ. ಮಾಮಾ ಅದನ್ನು ಅಕ್ಷರಕ್ಕೆ ಅಕ್ಷರ ಓದಿಸಿಕೊಂಡರು. ಈಗಿನ ಕಾರುಗಳಿಗೆ ಅಷ್ಟು ಅಗತ್ಯವಿಲ್ಲ ಎಂದು ಹೇಳಿದೆ. ಅವರು ಆಗಲೇ ಕೈ ಚಾಚಿ ಗುಂಡಿ ಒತ್ತಿದ್ದರು.

"ಹತ್ತು ನಿಮಿಷ ನಾವು ಬೆವರೂಣು. ಅದಕ್ಕ ಉಸಿರಾಡಾಕ ಬಿಡು."

ಅವರ ಮಾತಿನಲ್ಲಿ ಯಂತ್ರಶಾಸ್ತ್ರ ಪೂರ್ತಿ ಇತ್ತು. ಏಸಿಯ ಕಂಡೆನ್ಸರುಗಳು ರೇಡಿಯೇಟರುಗಳ ಎದುರಿಗೇ ಕೂತಿರುತ್ತವೆ. ಹೊರಗಿನ ಗಾಳಿ ಮೊದಲು ಅವುಗಳನ್ನು ಹಾದು, ಬಿಸಿಯಾಗಿ, ಆಮೇಲೆ ರೇಡಿಯೇಟರಿಗೆ ಬಡಿಯುತ್ತದೆ. ಮೊದಲೇ 40 ಡಿಗ್ರಿ ದಾಟಿದ ಗಾಳಿ ಅದು. ಜೊತೆಗೆ ಏಸಿಯ ಕಂಪ್ರೆಸರ್ ಇಂಜಿನ್ನಿನ ಶಕ್ತಿಯಲ್ಲೂ ಪಾಲು ಕೇಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಮುಳ್ಳು 90ರಲ್ಲಿ ಅಲುಗದೆ ನಿಂತಿರುತ್ತದೆ. ಅದನ್ನು ಹಾಗೆ ನಿಲ್ಲುವಂತೆಯೇ ಮಾಡಿದ್ದಾರೆ, ಸಣ್ಣಪುಟ್ಟ ಏರಿಳಿತ ಅದು ತೋರಿಸುವುದಿಲ್ಲ. ನಿಜ ಹೇಳುವುದು ಆಯಿಲ್ಲಿನ ಮುಳ್ಳು. ಏರು ಶುರುವಾದಾಗ 96 ಇದ್ದದ್ದು 104, 109 ಎಂದು ಹತ್ತುತ್ತಿತ್ತು. ಏಸಿ ಆರಿಸಿದ ಮೇಲೆ 110ರ ಹತ್ತಿರ ನಿಂತಿತು. ಈ ಆಯಿಲ್ಲಿಗೆ ಅದೇನೂ ಅಪಾಯದ ಮಟ್ಟವಲ್ಲ. ಆದರೆ ಕಾರು ಎಷ್ಟು ದುಡಿಯುತ್ತಿದೆ ಎಂಬುದನ್ನು ಕಣ್ಣಾರೆ ಕಂಡೆವು, 45 ಮೈಲಿ ವೇಗದಲ್ಲಿ.

ಬಿಸಿ ಗಾಳಿಯ ಇನ್ನೊಂದು ಗುಣ ಅದರ ತೆಳುತನ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 45 ಡಿಗ್ರಿಯಲ್ಲಿ ಅಷ್ಟೇ ಜಾಗದೊಳಗೆ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಗಾಳಿ ಇರುತ್ತದೆ. ಇಂಜಿನ್ನಿಗೆ ಆಮ್ಲಜನಕ ಅಷ್ಟು ಕಡಿಮೆ. ಟರ್ಬೋ ಅದನ್ನು ಒತ್ತಿ ತುಂಬಿಸುತ್ತದೆ ನಿಜ, ಆದರೆ ಒತ್ತಿದ ಗಾಳಿ ಇನ್ನಷ್ಟು ಕಾಯುತ್ತದೆ. ಅದನ್ನು ತಣಿಸಲು ಹಿಂಗಾಲಿಗಳ ಬದಿಯಲ್ಲಿ ಇಂಟರ್‌ಕೂಲರುಗಳಿವೆ. ಅದೂ ಸಾಲದಾದಾಗ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ಎಳೆದು, ಇಂಜಿನ್ ಬಡಿಯದಂತೆ ನೋಡಿಕೊಂಡು, ಸದ್ದಿಲ್ಲದೆ ಶಕ್ತಿ ಇಳಿಸುತ್ತದೆ. ಈ ತೆಳು ಗಾಳಿಯ ಮಾತು ಇಲ್ಲಿ ಬರೀ ಕಾರಿನದಲ್ಲ. 2024ರ ಜುಲೈಯಲ್ಲಿ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಬಳಿ ಉಷ್ಣತೆ 53 ಡಿಗ್ರಿ ತಲುಪಿದ ದಿನ ಬೈಕ್ ಸವಾರನೊಬ್ಬ ಬಿಸಿಲಿನ ಹೊಡೆತಕ್ಕೆ ತೀರಿಕೊಂಡ. ಆ ಗಾಳಿಯಲ್ಲಿ ಹೆಲಿಕಾಪ್ಟರುಗಳು ಸುರಕ್ಷಿತವಾಗಿ ಹಾರಲಾರವು, ಹಾಗಾಗಿ ಜೊತೆಗಿದ್ದವರಲ್ಲಿ ಒಬ್ಬರನ್ನು ಆಸ್ಪತ್ರೆಗೆ ಒಯ್ಯಲೂ ಅವಕ್ಕೆ ಬರಲಾಗಲಿಲ್ಲ. ಆ ತಿಂಗಳು ಅದೇ ಕಣಿವೆಯ ಫರ್ನೆಸ್ ಕ್ರೀಕಿನಲ್ಲಿ ಹಗಲು ರಾತ್ರಿ ಸೇರಿಸಿದ ಸರಾಸರಿ ಉಷ್ಣತೆಯೇ 42.5 ಡಿಗ್ರಿ. ನೀರು, ಇನ್ನಷ್ಟು ನೀರು, ಟೋಪಿ, ಕಾರು ಕೆಟ್ಟರೆ ಅದರ ನೆರಳು ಬಿಟ್ಟು ಕದಲದಿರುವುದು: ಈ ದಾರಿಗೆ ಬರುವ ಯಾರಿಗಾದರೂ ನಾನು ಕೈ ಹಿಡಿದು ಹೇಳುವ ಮಾತು ಇದು. ಎಷ್ಟು ಬೆಲೆಯ ಕಾರಾದರೂ ಮೊಬೈಲ್ ಸಿಗ್ನಲ್ಲಿಲ್ಲದ ಹತ್ತಾರು ಮೈಲಿ ನಡುವೆ ನಿಂತರೆ ಕಬ್ಬಿಣದ ಪೆಟ್ಟಿಗೆಯೇ.

ಪಾಸಿನ ನೆತ್ತಿಯಿಂದ ಸ್ಟವ್‌ಪೈಪ್ ವೆಲ್ಸ್‌ಗೆ ಮೂವತ್ತು ಕಿಲೋಮೀಟರಿಗೂ ಕಡಿಮೆ. ಅಷ್ಟರಲ್ಲಿ ದಾರಿ 1,500 ಮೀಟರ್ ಇಳಿದು ಸಮುದ್ರಮಟ್ಟ ಮುಟ್ಟುತ್ತದೆ. ಒಂದೂವರೆ ಟನ್ನಿನ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿಯನ್ನು ನಾನು ಲೆಕ್ಕ ಹಾಕಿದ್ದೆ. ಎಪ್ಪತ್ತು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅದು ಸಾಕು. ಎಲ್ಲವನ್ನೂ ಬ್ರೇಕಿನ ಮೇಲೆ ಹಾಕಿದರೆ ಬ್ರೇಕ್ ಆಯಿಲ್ ಕುದ್ದು ಪೆಡಲ್ ಮೆತ್ತಗಾಗುತ್ತದೆ. ಮೂರನೇ ಗೇರಿಗೆ ತಂದೆ. ಇಂಜಿನ್ ಹಿಂದಿನಿಂದ ಗುನುಗುತ್ತ ಕಾರನ್ನು ಹಿಡಿದುಕೊಂಡಿತು. ಬ್ರೇಕನ್ನು ತಿರುವುಗಳಲ್ಲಿ ಮಾತ್ರ ಮುಟ್ಟಿದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಅರಬೈಲಿನ ಚಾಲಕ ಹುಡುಗರಿಗೆ ಬೈದು ಕಲಿಸಿದ್ದ ಮಾಮಾ ಸೀಟಿಗೆ ಒರಗಿ ಕಣ್ಣು ಅರೆ ಮುಚ್ಚಿದರು. ಆ ಇಳಿಜಾರಿನಲ್ಲಿ ನನಗೆ ಸಿಕ್ಕ ಸಂತೋಷವನ್ನು ಯಾವ ರೇಸ್ ಟ್ರ್ಯಾಕೂ ಕೊಟ್ಟಿಲ್ಲ. ಸ್ಟೀರಿಂಗಿನಲ್ಲಿ ರಸ್ತೆಯ ಒರಟುತನ ಬೆರಳಿಗೆ ತಿಳಿಯುತ್ತಿತ್ತು, ಕಾರಿನ ತೂಕ ಹಿಂದಿನ ಗಾಲಿಗಳ ಮೇಲೆ ಕೂತದ್ದು ಬೆನ್ನಿಗೆ ತಿಳಿಯುತ್ತಿತ್ತು. ಅಷ್ಟಕ್ಕೂ ನಾವು 55 ಮೈಲಿ ಮೀರಿರಲಿಲ್ಲ.

ಸ್ಟವ್‌ಪೈಪ್ ವೆಲ್ಸಿನ ಪೆಟ್ರೋಲ್ ಬಂಕಿಗೆ ಬಂದಾಗ ಹೊರಗೆ 44 ಡಿಗ್ರಿ. ಟೈರುಗಳ ಗಾಳಿ ಬೆಳಿಗ್ಗೆಗಿಂತ ಐದಾರು ಪಿಎಸ್ಐ ಏರಿತ್ತು. ಬಿಸಿಯಾದ ಟೈರಿನಿಂದ ಗಾಳಿ ಬಿಡಬಾರದು, ತಣ್ಣಗಾದ ಮೇಲೆ ಕಡಿಮೆಯಾಗಿಬಿಡುತ್ತದೆ. ಇದನ್ನು ಇಬ್ಬರೂ ಒಟ್ಟಿಗೇ ಹೇಳಿದೆವು. ಇಂಜಿನ್ ಆರಿಸಲು ಹೋದ ನನ್ನ ಕೈಯನ್ನು ಮಾಮಾ ತಡೆದರು. ಟರ್ಬೋ ಲಾರಿ ಬಂದ ಮೇಲೆ ಅವರು ಎಲ್ಲರಿಗೂ ಹೇಳುತ್ತಿದ್ದುದು ಅದೇ: ಎರಡು ನಿಮಿಷ ಸುಮ್ಮನೆ ಓಡಲಿ, ಆಯಿಲ್ ಸುತ್ತಿ ಟರ್ಬೋ ಆರಲಿ. ಆರಿಸಿದ ಮೇಲೂ ಫ್ಯಾನುಗಳು ಬಹಳ ಹೊತ್ತು ಓಡುತ್ತಲೇ ಇದ್ದವು.

ಬಂಕಿನ ಆಚೆ ಕಪ್ಪು-ಬಿಳಿ ಸುರುಳಿ ಚಿತ್ತಾರದ ಹೊದಿಕೆ ಹಾಕಿದ ಎರಡು ಕಾರುಗಳು ನಿಂತಿದ್ದವು. ಜಗತ್ತಿನ ಅನೇಕ ಕಂಪನಿಗಳು ಇನ್ನೂ ಮಾರುಕಟ್ಟೆಗೆ ಬರದ ಕಾರುಗಳನ್ನು ಪ್ರತಿ ಬೇಸಿಗೆ ಇಲ್ಲಿಗೆ ತಂದು ಕಾಯಿಸಿ ನೋಡುತ್ತವೆ. ಕಿಟಕಿಯ ಸಂದಿಯಿಂದ ಹಳದಿ ತಂತಿಗಳ ಕಂತೆ ಹೊರಬಂದಿತ್ತು, ಎಲ್ಲೆಲ್ಲಿ ಎಷ್ಟು ಬಿಸಿ ಎಂದು ಅಳೆಯುವ ತಂತಿಗಳು. ಕಾವಲಿದ್ದ ಹುಡುಗ ಫೋಟೋ ಬೇಡ ಎಂದು ನಯವಾಗಿ ಕೈ ಆಡಿಸಿದ. ಮಾಮಾ ಫೋಟೋ ಕೇಳಲಿಲ್ಲ, ದೂರದಲ್ಲಿ ನಿಂತು ತಂತಿಗಳನ್ನು ಎಣಿಸಿದರು.

ಬಿಸಿಯೊಡನೆ ಲೆಕ್ಕಾಚಾರ ಇಲ್ಲಿ ಹಳೆಯದು. ಫರ್ನೆಸ್ ಕ್ರೀಕಿನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಭೂಮಿಯ ಮೇಲಿನ ಗಾಳಿಯ ಅತಿ ಹೆಚ್ಚಿನ ಅಧಿಕೃತ ಉಷ್ಣತೆ. 1972ರ ಜುಲೈಯಲ್ಲಿ ಅಲ್ಲಿಯ ನೆಲ 93.9 ಡಿಗ್ರಿ ಮುಟ್ಟಿತ್ತು. ಅದರ ಪಕ್ಕದಲ್ಲೇ ಹಾರ್ಮನಿ ಬೋರಾಕ್ಸ್ ಕಾರ್ಖಾನೆಯ ಅವಶೇಷ. 1883ರಿಂದ ಐದಾರು ವರ್ಷ ಇಲ್ಲಿಂದ ಬಿಳಿಗಾರ ತುಂಬಿದ ಬಂಡಿಗಳು 265 ಕಿಲೋಮೀಟರ್ ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಹತ್ತು ದಿನ ನಡೆದು ಹೋಗುತ್ತಿದ್ದವು. ಎಳೆಯಲು ಹದಿನೆಂಟು ಹೇಸರಗತ್ತೆ, ಎರಡು ಕುದುರೆ. ಸಾಲಿನ ಕೊನೆಗೆ ಸುಮಾರು 4,500 ಲೀಟರ್ ನೀರಿನ ಟ್ಯಾಂಕು. ಬೇಸಿಗೆಯಲ್ಲಿ ಇಲ್ಲಿ ಬಿಳಿಗಾರ ಹರಳುಗಟ್ಟುತ್ತಲೇ ಇರಲಿಲ್ಲ, ದ್ರಾವಣ ಆರುವಷ್ಟು ತಂಪು ರಾತ್ರಿಯಲ್ಲೂ ಸಿಗುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಕೆಲಸವನ್ನೇ ಬೇರೆಡೆಗೆ ಸಾಗಿಸುತ್ತಿದ್ದರು. ಅವರಿಗಿಂತ ಬಹಳ ಮುಂಚಿನಿಂದ ಇದ್ದ ಟಿಂಬಿಶಾ ಶೋಶೋನಿ ಜನ ಬೇಸಿಗೆಗೆ ಬೆಟ್ಟದ ಮೇಲೆ, ಚಳಿಗೆ ಕಣಿವೆಯಲ್ಲಿ ವಾಸ ಮಾಡಿಕೊಂಡು ಬಂದವರು. ಅವರ ಊರು ಇಂದಿಗೂ ಫರ್ನೆಸ್ ಕ್ರೀಕಿನಲ್ಲಿದೆ. 2000ದಲ್ಲಿ ಒಂದು ಕಾನೂನು ಆ ನೆಲವನ್ನು ಅವರದೆಂದು ಒಪ್ಪಿಕೊಂಡಿತು; ಬಹಳ ತಡವಾಗಿ, ಎಂದೇ ನನ್ನ ಅನಿಸಿಕೆ.

ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿನ ಬ್ಯಾಡ್‌ವಾಟರಿನಲ್ಲಿ ಐದು ನಿಮಿಷ ಇಳಿದು ಉಪ್ಪಿನ ಮೇಲೆ ನಿಂತೆವು. ಅಲ್ಲಿಂದ ಡಾಂಟೆಸ್ ವ್ಯೂ ಹತ್ತಿದೆವು, 1,669 ಮೀಟರ್. ಹತ್ತುತ್ತ ಹತ್ತುತ್ತ ಹೊರಗಿನ ಉಷ್ಣತೆ 45ರಿಂದ 32ಕ್ಕೆ ಇಳಿಯಿತು. ಮೇಲೆ ಹಿತವಾದ ಗಾಳಿ ಬೀಸುತ್ತಿತ್ತು. ಮಾಮಾ ಮಾತ್ರ ಆ ಹೊದಿಕೆಯ ಕಾರುಗಳನ್ನೇ ಯೋಚಿಸುತ್ತಿದ್ದರು. ಅವುಗಳಿಗೆ ಸೈಲೆನ್ಸರ್ ಇರಲಿಲ್ಲ ಎಂಬುದನ್ನು ಅವರು ಗಮನಿಸಿದ್ದರು.

"ಕರೆಂಟಿನ ಕಾರಿಗೆ ಬಿಸಿ ಎಲ್ಲಿಂದ ಬರತೈತಿ?"

ಬ್ಯಾಟರಿಯಿಂದ ಎಂದೆ. ತಂತಿಯಲ್ಲಿ ಹರಿಯುವ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಅದಕ್ಕೇ 2019ರಲ್ಲಿ ಬಂದ ಪೋರ್ಷೆ ಟೈಕಾನ್ 400 ವೋಲ್ಟ್ ಬಿಟ್ಟು 800 ವೋಲ್ಟ್ ಆರಿಸಿಕೊಂಡಿತು. ಅಷ್ಟೇ ಶಕ್ತಿಗೆ ಅರ್ಧ ಕರೆಂಟು ಸಾಕು. ಆದರೆ ದೊಡ್ಡ ತೊಡಕು ಬೇರೆ. ಇಂಜಿನ್ನಿನ ನೀರು 100 ಡಿಗ್ರಿಗೆ ಬಂದರೂ ತೊಂದರೆಯಿಲ್ಲ, ಹಾಗಾಗಿ 45 ಡಿಗ್ರಿಯ ಗಾಳಿಯೂ ಅದನ್ನು ಆರಿಸಬಲ್ಲದು. ಬ್ಯಾಟರಿ ಮನುಷ್ಯನಿಗೆ ಹಿತವಾದ ಉಷ್ಣತೆಯ ಹತ್ತಿರವೇ ಇರಲು ಬಯಸುತ್ತದೆ. 45 ಡಿಗ್ರಿಯ ಗಾಳಿ ಅದನ್ನು ತಣಿಸಲಾರದು. ಕಾರಿನ ಏಸಿಯೇ ಬ್ಯಾಟರಿಯನ್ನೂ ತಂಪು ಮಾಡಬೇಕು.

ಮಾಮಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಹಂಗಾದ್ರ ತಮ್ಮಾ, ಘಟ್ಟದ ಬುಡದಾಗಿನ ಆ ಬೋರ್ಡ್ ಆ ಕಾರಿಗೆ ನಡಿಯಂಗಿಲ್ಲ. ಏಸಿ ಬಂದ್ ಮಾಡಿದ್ರ ಅದು ನಿಂತ ಬಿಡತೈತಿ."

ಪೂರ್ತಿ ನಿಲ್ಲುವುದಿಲ್ಲ, ಶಕ್ತಿ ಇಳಿಸಿಕೊಳ್ಳುತ್ತದೆ ಎಂದೆ. ಎಷ್ಟು ಇಳಿಸಿಕೊಳ್ಳುತ್ತದೆ, ಯಾವ ಡಿಗ್ರಿಯಿಂದ, ಅದನ್ನು ಚಾಲಕನಿಗೆ ಯಾವ ಮುಳ್ಳು ತೋರಿಸುತ್ತದೆ ಎಂದು ಅವರು ಒಂದೊಂದಾಗಿ ಕೇಳತೊಡಗಿದರು. ಲೋನ್ ಪೈನ್ ಊರಿನಲ್ಲಿ ಊಟಕ್ಕೆ ಕೂರುವವರೆಗೂ ಅದೇ ಮಾತು ನಡೆದಿತ್ತು.