ಒಲೆಯ ಅಳತೆ

ಉಡುಪಿ ಎಂದೊಡನೆ ಪರವೂರಿನವರಿಗೆ ನೆನಪಾಗುವುದು ದೋಸೆ. ಆದರೆ ಮೀನು, ಕೋಳಿ, ಆಡು ತಿನ್ನುವವರೂ ಇಲ್ಲಿ ಕಡಿಮೆಯಿಲ್ಲ. ಊಟ ಯಾವುದೇ ಇರಲಿ, ಮೊದಲು ಜನ ಎಣಿಸಬೇಕು, ಆಮೇಲೆ ಪಾತ್ರೆ ಇಳಿಸಬೇಕು ಎಂಬ ಬುದ್ಧಿ ಮಾತ್ರ ಎಲ್ಲರದೂ ಒಂದೇ. ಕೃಷ್ಣಮಠದಲ್ಲಿ 2 ವರ್ಷಕ್ಕೊಮ್ಮೆ ಬರುವ ಪರ್ಯಾಯಕ್ಕೆ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು 4 ಮುಹೂರ್ತಗಳು ನಡೆಯುತ್ತವೆ. ಉಣ್ಣುವ ಎಲೆ, ಬೇಯಿಸುವ ಸೌದೆ ಎರಡಕ್ಕೂ ಮೊದಲೇ ಲೆಕ್ಕ. ಕಾಪುವಿನ ಸುಗ್ಗಿ ಮಾರಿಪೂಜೆಯ ದಿನ ಕೋಳಿಸಾರಿಗೆ ಯಾವ ಪಾತ್ರೆ ಎಂದು ಯೋಚಿಸುವ ಮನೆಯಾಕೆಯ ಲೆಕ್ಕವೂ ಅದೇ.

ನನಗೆ ಈ ಲೆಕ್ಕ ಬಿದ್ದದ್ದು ತಂಗಿಯ ಮಗನಿಂದ. ಅಳಿಯಸಂತಾನದ ಮನೆತನದಲ್ಲಿ ನಿಜವಾದ ಅಳಿಯನೆಂದರೆ ಅವನೇ. ಕೆಲವು ವರ್ಷ ಗಲ್ಫಿನಲ್ಲಿ ದುಡಿದು ಈಗ ಮಣಿಪಾಲದ ಫ್ಲ್ಯಾಟಿನಲ್ಲಿದ್ದಾನೆ. "ಮಾವ, ಒಂದು ಸ್ಮೋಕರ್ ಮಾಡಿಸುವ. ಇಡೀ ತೊಡೆ ಬೇಯಿಸುವಂಥದ್ದು. ಎಷ್ಟು ದೊಡ್ಡದು ಬೇಕು, ನೀವು ಹೇಳಿ" ಎಂದ.

ಹೊಗೆ ನಮಗೆ ಹೊಸತಲ್ಲ. ಮಳೆಗಾಲದಲ್ಲಿ ಅಜ್ಜಿ ಒಣಮೀನು, ಪುನರ್ಪುಳಿಯ ಸಿಪ್ಪೆಗಳನ್ನು ಒಲೆಯ ಮೇಲೆಯೇ ತೂಗುಹಾಕುತ್ತಿದ್ದಳು. ಕೊಡಗಿನವರು ಮಾಂಸವನ್ನೂ ಹಾಗೆ ಒಣಗಿಸುತ್ತಾರೆ. ಆದರೆ ಅದು ಕೆಡದಂತೆ ಕಾಯುವ ಹೊಗೆ, ಇದು ಬೇಯಿಸುವ ಹೊಗೆ. ಮುಚ್ಚಳವಿರುವ ಡಬ್ಬದೊಳಗೆ 110ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿ ಏರದೆ ಇಳಿಯದೆ ನಿಲ್ಲಬೇಕು. 4 ಕಿಲೋದ ಹಂದಿಯ ಭುಜವಾದರೆ 10-12 ಗಂಟೆ ಬೇಕು. ಒಳಬಿಸಿ 70 ಡಿಗ್ರಿಯ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಮಾಂಸದ ನೀರು ಬೆವರಿನಂತೆ ಆರುತ್ತ ಅದನ್ನು ತಣಿಸುವುದೇ ಇದಕ್ಕೆ ಕಾರಣ. ಗಡಿಬಿಡಿ ಮಾಡಬಾರದು. 90 ದಾಟಿದ ಮೇಲೆ ನಾರು ತಾನಾಗಿ ಬಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಮೂರರಲ್ಲೊಂದು ಪಾಲು ತೂಕ ಕರಗಿರುತ್ತದೆ. ಉಳಿದದ್ದು ಹತ್ತು ಹನ್ನೆರಡು ಜನರಿಗೆ ಸಾಕು. ಆಡಿನ ತೊಡೆಗೆ ಕೊಬ್ಬು ಕಡಿಮೆ. ಅದಕ್ಕೆ ಇಷ್ಟು ತಪಸ್ಸು ಬೇಡ, ಬೇಗ ಒಣಗುತ್ತದೆ.

ಡಬ್ಬ ಸಣ್ಣದಾದರೆ ಮಾಂಸ ಗೋಡೆಗೆ ತಾಗಿ ಒಂದು ಮಗ್ಗುಲು ಕರಟುತ್ತದೆ. ಸುತ್ತಲೂ ನಾಲ್ಕು ಬೆರಳಿನಷ್ಟಾದರೂ ಹೊಗೆ ಓಡಾಡಲು ಜಾಗ ಬೇಕು. ತೀರ ದೊಡ್ಡದಾದರೋ, ಖಾಲಿ ಜಾಗವನ್ನು ಬಿಸಿಮಾಡುವುದರಲ್ಲೇ ಇದ್ದಿಲು ಮುಗಿಯುತ್ತದೆ. ಇದ್ದಿಲು ಉಳಿಸಲೆಂದು ಗಾಳಿಕಂಡಿ ಮುಚ್ಚಿದರೆ ಬೆಂಕಿ ಉಸಿರುಗಟ್ಟಿ ಕಹಿ ಹೊಗೆ ಕಾರುತ್ತದೆ. ಅಂದಮೇಲೆ ಎಷ್ಟು ಜನರಿಗೆ ಎಂಬುದು ಗೊತ್ತಾಗದೆ ಅಳತೆ ಹೇಳುವುದು ಹೇಗೆ?

"ನಲವತ್ತು ಜನರಿಗೆ" ಎಂದ ಅಳಿಯ.

ಕಾರ್ಕಳದ ನಮ್ಮ ಹಳೆಯ ಮನೆಯ ಅಂಗಳದಲ್ಲಿ ನಲವತ್ತು ಎಲೆ ಬೀಳುತ್ತಿದ್ದುದು ನಿಜ. ಆದರೆ ತಂಗಿ ತೀರಿಕೊಂಡ ಮೇಲೆ ಮುಂಬಯಿಯವರ ಬರವು ನಿಂತಿದೆ. ಪಾಲಿನ ಮಾತು ಎದ್ದ ಮೇಲೆ ಅಕ್ಕನ ಮಕ್ಕಳೂ ದೂರವಾಗಿದ್ದಾರೆ. ಬೆರಳು ಮಡಚಿ ಎಣಿಸಿದೆ, ಹನ್ನೊಂದಕ್ಕೆ ನಿಂತಿತು. "ಹನ್ನೊಂದು ಜನರಿಗೆ ಅಷ್ಟು ದೊಡ್ಡದು ಯಾಕೆ ಮಾರಾಯ?" ಎಂದೆ. "ಅಮ್ಮ ಯಾವತ್ತಾದರೂ ಎಣಿಸಿ ಹಂಡೆ ಇಟ್ಟದ್ದುಂಟಾ ಮಾವ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಇಡೀ ದಿನ ಹೊಗೆಯಾಡುವ ವಸ್ತುವನ್ನು ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಡುವಂತಿಲ್ಲ, ಹಳೆಮನೆಯ ಅಂಗಳವೇ ಬೇಕು ಎಂಬುದನ್ನೂ ಅವನು ಮೊದಲೇ ಯೋಚಿಸಿದ್ದನೆಂದು ಕಾಣುತ್ತದೆ.

ಕೊನೆಗೆ ಅಡಿಗೆ ಎಣ್ಣೆ ತುಂಬಿದ್ದ 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ಆರಿಸಿದೆವು. ರಾಸಾಯನಿಕ ತುಂಬಿದ್ದು ಬೇಡ, ಸತು ಲೇಪಿಸಿದ್ದೂ ಬೇಡ, ಬಿಸಿಗೆ ವಿಷವಾದೀತು. ಜೋರಾಗಿ ಬೆಂಕಿ ಹಾಕಿ ಒಳಗಿನ ಬಣ್ಣವನ್ನೆಲ್ಲ ಸುಟ್ಟು ತೆಗೆದದ್ದಾಯಿತು. ವೆಲ್ಡಿಂಗಿನವರಿಂದ ಕೆಳಗೆ ಗಾಳಿಕಂಡಿ, ಮೇಲೆ ಹೊಗೆಕಂಡಿ, ನಡುವೆ ತೆಗೆದಿಡಬಹುದಾದ 2 ಜಾಲರಿಗಳನ್ನು ಮಾಡಿಸಿದೆವು. ಡ್ರಮ್ಮಿನ ಅಡ್ಡಗಲ ಸುಮಾರು 57 ಸೆಂಟಿಮೀಟರ್. ಹನ್ನೊಂದು ಜನರಿಗೆ ಒಂದು ಜಾಲರಿ ಧಾರಾಳ. ಇನ್ನೊಂದನ್ನೂ ಇಟ್ಟರೆ ನಲವತ್ತು ಜನರಿಗೂ ಸುಧಾರಿಸಬಹುದು.

ಡಿಸೆಂಬರಿನಲ್ಲಿ ಮೊದಲ ಸಲ ಬೆಂಕಿ ಹಾಕಿದೆವು. ಅತ್ತೂರು ಜಾತ್ರೆಗೆ ಪ್ರತಿವರ್ಷ ನಮ್ಮನ್ನು ಊಟಕ್ಕೆ ಕರೆಯುವ ಕ್ರೈಸ್ತ ಗೆಳೆಯರೊಬ್ಬರು ಹಂದಿಯ ಭುಜವನ್ನು ಆರಿಸಿಕೊಟ್ಟು, ಬೆಳಗಿನಿಂದ ಸಂಜೆಯವರೆಗೂ ಡ್ರಮ್ಮಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಎರಡನೆಯ ಜಾಲರಿ ಮೊಳೆಯಲ್ಲಿ ತೂಗುತ್ತಿತ್ತು. ರಾತ್ರಿ ಊಟವಾದ ಮೇಲೆ ಅಳಿಯ ಮೊಬೈಲನ್ನು ನನ್ನ ಕೈಗಿತ್ತು, "ಮುಂಬಯಿಗೆ ನೀವೇ ಮಾತಾಡಿ ಮಾವ, ದೊಡ್ಡವರು ಕರೆದರೆ ಬಂದಾರು" ಎಂದ. ಮಾತಾಡಿದೆ. ರಜೆ ಸಿಕ್ಕಿದರೆ ಮುಂದಿನ ವರ್ಷ ನೋಡುವ ಎಂದಿದ್ದಾರೆ. ಮರುದಿನ ಅಕ್ಕನ ಮಕ್ಕಳಿಗೂ ಫೋನ್ ಮಾಡಿದೆ. ಅವರು ಬರುತ್ತೇವೆ ಎನ್ನಲಿಲ್ಲ. ಏನು ಅಡಿಗೆ ಎಂದು ಮಾತ್ರ ಕೇಳಿದರು.

ಹಿತ್ತಿಲಿನ ಪೇರಳೆ ಮರದ ಕೊಂಬೆಗಳನ್ನು ಕಡಿಸಿ, ಎರಡು ಜಾಲರಿಗೆ ಸಾಕಾಗುವಷ್ಟು ಸೌದೆಯನ್ನು ಮಾಡಿನಡಿ ಒಣಗಲು ಒಟ್ಟಿಸಿದ್ದೇನೆ.