ತಿಹುವಾನಾದಲ್ಲಿ ಒಬ್ಬಳೇ

ಬೆಳಗಿನ ಆರೂವರೆ. ಆಳೆತ್ತರದ ಕನ್ನಡಿಯ ಮುಂದೆ ನಿಂತಿದ್ದೇನೆ. ಎಸಿ ಜೋರಾಗಿದೆ, ಮೈಮೇಲೆ ಕಾಗದದ ಚಡ್ಡಿ ಬಿಟ್ಟರೆ ಏನೂ ಇಲ್ಲ. ವೈದ್ಯರು ಸ್ಟೂಲಿನ ಮೇಲೆ ಕೂತು ನೇರಳೆ ಮಾರ್ಕರಿನಿಂದ ನನ್ನ ಹೊಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಾರೆ. ಎದೆಮೂಳೆಯ ಕೆಳತುದಿಯಿಂದ ಹೊರಟ ಗೆರೆ ಹೊಕ್ಕುಳನ್ನು ಬಳಸಿಕೊಂಡು ನೇರ ಕೆಳಗಿಳಿಯುತ್ತದೆ. ಮತ್ತೊಂದು ಗೆರೆ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡಡ್ಡ ಸಾಗುತ್ತದೆ. "ಎತ್ತಿ ಹಿಡಿದುಕೊಳ್ಳಿ" ಎನ್ನುತ್ತಾರೆ. ಎರಡೂ ಕೈಯಿಂದ ಹೊಟ್ಟೆಯ ಚರ್ಮವನ್ನು ಎತ್ತುತ್ತೇನೆ. ಹಿಂಡಿದ ಒದ್ದೆ ಸೀರೆಯ ಹಾಗೆ ಅದು ಕೈತುಂಬ ಬರುತ್ತದೆ. ಅದರಡಿಯಲ್ಲಿ, ಬೆಳಕು ಕಾಣದ ಮಡಿಕೆಯಲ್ಲಿ, ಕಪ್ಪುಗಟ್ಟಿದ ಉದ್ದನೆಯ ಕಲೆ. ವೈದ್ಯರು ಮಾರ್ಕರ್ ಕೆಳಗಿಟ್ಟು ಬೆರಳಿನಿಂದ ಅದನ್ನು ಒತ್ತಿ ನೋಡುತ್ತಾರೆ.

"ಒಣಗಿದೆ, ಒಳ್ಳೆಯದು. ಹಸಿ ಇದ್ದಿದ್ದರೆ ಇವತ್ತು ಕೈ ಹಾಕುತ್ತಿರಲಿಲ್ಲ."

ಆ ಮಾತಿಗೆ ನನ್ನ ಉಸಿರು ಸಡಿಲವಾಗುತ್ತದೆ.

ತೂಕ ಇಳಿಸಿದವರ ಮೈಯನ್ನು ಬಟ್ಟೆಯಿಲ್ಲದೆ ಕಂಡವರು ಕಡಿಮೆ. ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಆದ ಮೇಲೆ 126 ಕೆಜಿ ಇದ್ದವಳು 70ಕ್ಕೆ ಬಂದೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತು, ಮಂಡಿನೋವು ಹೋಯಿತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಚರ್ಮ ಮಾತ್ರ ಇದ್ದಲ್ಲೇ ಉಳಿಯಿತು. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಕೊಲಾಜೆನ್, ಇಲಾಸ್ಟಿನ್ ಎಳೆಗಳು ಹಾಳಾಗಿರುತ್ತವೆ. ಎಷ್ಟು ವ್ಯಾಯಾಮ ಮಾಡಿದರೂ ಎಷ್ಟು ಎಣ್ಣೆ ತಿಕ್ಕಿದರೂ ಅವು ಮೊದಲಿನಂತಾಗುವುದಿಲ್ಲ. ನಡೆದರೆ ಜೋತುಬಿದ್ದ ಹೊಟ್ಟೆ ತೊಡೆಗೆ ಬಡಿಯುತ್ತದೆ. ನಾನಿರುವ ಡಲ್ಲಾಸಿನ ಬೇಸಿಗೆಯಲ್ಲಿ ಮಡಿಕೆಯೊಳಗೆ ಬೆವರು ನಿಂತು ಹುಣ್ಣಾಗುತ್ತದೆ, ವಾಸನೆ ಬರುತ್ತದೆ. ಆಫೀಸಿನ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು, ಹತ್ತಿಬಟ್ಟೆ ಮಡಚಿ ಆ ಮಡಿಕೆಯೊಳಗಿಟ್ಟು, ಮೀಟಿಂಗಿಗೆ ಹೋಗಿ ಕೂತಿದ್ದೇನೆ. "ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀಯ!" ಎಂದು ಹೊಗಳುವವರಿಗೆ ಇದು ಕಾಣುವುದಿಲ್ಲ. ಚರ್ಮ ತೆಗೆಸುವುದು ಶೋಕಿಯೆಂದು ಹೇಳುವವರಿಗೆ ನನ್ನಲ್ಲಿರುವುದು ಒಂದೇ ಉತ್ತರ: ಇದು ಅರ್ಧಕ್ಕೆ ನಿಂತ ಚಿಕಿತ್ಸೆ.

ಅಮೆರಿಕದ ವಿಮೆ ಹಾಗೆ ನೋಡುವುದಿಲ್ಲ. ಜೋಲುವ ಚರ್ಮ ಜನನಾಂಗದ ಮಟ್ಟಕ್ಕಿಂತ ಕೆಳಗಿಳಿದಿರಬೇಕು, ತಿಂಗಳುಗಟ್ಟಲೆ ಔಷಧಿ ಹಚ್ಚಿದರೂ ಹುಣ್ಣು ಮಾಯದೆ ಉಳಿದಿರಬೇಕು, ಎಲ್ಲದಕ್ಕೂ ಫೋಟೋ ಸಮೇತ ದಾಖಲೆ ಇರಬೇಕು. ಇಷ್ಟೆಲ್ಲ ಇದ್ದರೂ ಹಣ ಸಿಗುವುದು ಮುಂದೆ ಜೋತುಬಿದ್ದ ಭಾಗವನ್ನು ಕತ್ತರಿಸುವುದಕ್ಕೆ ಮಾತ್ರ. ಅಗಲಿದ ಹೊಟ್ಟೆಯ ಸ್ನಾಯುಗಳನ್ನು ಹೊಲಿಯುವುದು, ಬೆನ್ನಿನ ಕಡೆಯ ಚರ್ಮ ತೆಗೆಯುವುದು ಅವರ ಪಟ್ಟಿಯಲ್ಲಿ 'ಸೌಂದರ್ಯ'. ನನ್ನ ಅರ್ಜಿ ಎರಡು ಸಾಲಿನ ಪತ್ರದೊಂದಿಗೆ ವಾಪಸು ಬಂತು. ಕೈಯಿಂದ ಕೊಡೋಣವೆಂದರೆ ಡಲ್ಲಾಸಿನಲ್ಲಿ ಹೇಳಿದ ಮೊತ್ತದ ಮೂರನೇ ಒಂದು ಭಾಗಕ್ಕೆ ಇಲ್ಲಿ, ಮೆಕ್ಸಿಕೋದ ತಿಹುವಾನಾದಲ್ಲಿ ಆಗುತ್ತದೆ. ಬೆಂಗಳೂರಿಗೆ ಯಾಕೆ ಹೋಗಲಿಲ್ಲ? ದೊಡ್ಡ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಇಪ್ಪತ್ತು ಗಂಟೆ ವಿಮಾನದಲ್ಲಿ ಕೂರುವುದು ಕಾಲಿನ ರಕ್ತನಾಳಗಳಿಗೆ ಒಳ್ಳೆಯದಲ್ಲ ಎನ್ನುವುದು ಒಂದು ಕಾರಣ. ಊರಿಗೆ ಹೋದರೆ ದಾವಣಗೆರೆಯ ಅಮ್ಮನಿಂದ ಸೋದರತ್ತೆಯವರೆಗೆ ಎಲ್ಲರಿಗೂ ಉತ್ತರ ಕೊಡಬೇಕು ಎನ್ನುವುದು ಇನ್ನೊಂದು. ಎರಡನೆಯದೇ ದೊಡ್ಡದು.

ನಿನ್ನೆ ಸ್ಯಾನ್ ಡಿಯಾಗೋದಲ್ಲಿ ಇಳಿದಾಗ ಕ್ಲಿನಿಕ್ಕಿನ ವ್ಯಾನ್ ಕಾಯುತ್ತಿತ್ತು. ಅರ್ಧ ಗಂಟೆಯಲ್ಲಿ ಸ್ಯಾನ್ ಇಸಿದ್ರೋ ಗಡಿ. ದಕ್ಷಿಣಕ್ಕೆ ಹೋಗುವುದು ಸಲೀಸು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೆ ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೋದ ವೀಸಾ ಬೇಡ. ಎದುರು ದಿಕ್ಕಿನಲ್ಲಿ ಉತ್ತರಕ್ಕೆ ಹೊರಟ ಕಾರುಗಳ ಸಾಲು ಕಣ್ಣಿಗೆಟುಕುವವರೆಗೂ ನಿಂತಿತ್ತು. ಗಡಿ ದಾಟಿದೊಡನೆ ಹಲ್ಲಿನ ಡಾಕ್ಟರು, ಕಣ್ಣಿನ ಡಾಕ್ಟರು, ಔಷಧಿ ಅಂಗಡಿಗಳ ಇಂಗ್ಲಿಷ್ ಫಲಕಗಳು. ಆಮೇಲೆ ಸೋನಾ ರಿಯೋ ಬಡಾವಣೆ, ಪಾಸೆಯೊ ದೆ ಲೋಸ್ ಎರೋಯೆಸ್ ರಸ್ತೆ, ವೃತ್ತದ ನಡುವೆ ಅಜ್ಟೆಕ್ ದೊರೆ ಕ್ವಾಉತೆಮೊಕ್ ಪ್ರತಿಮೆ. ಅದೇ ರಸ್ತೆಯಲ್ಲಿ ಅಬ್ರಹಾಂ ಲಿಂಕನ್ನೂ ನಿಂತಿದ್ದಾನೆ. ಸಾಂಸ್ಕೃತಿಕ ಕೇಂದ್ರದ ದೊಡ್ಡ ಗೋಳವನ್ನು ತೋರಿಸುತ್ತಾ ಡ್ರೈವರ್ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಚೀಲದೊಳಗಿನ ಕಡತವನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಆ ಕಡತದ ಬಗ್ಗೆ ಹೇಳಲೇಬೇಕು. ಮೆಕ್ಸಿಕೋದಲ್ಲಿ ಪ್ರತಿ ವೈದ್ಯರಿಗೂ ಸೆದುಲಾ ಎಂಬ ನೋಂದಣಿ ಸಂಖ್ಯೆ ಇರುತ್ತದೆ. ವೈದ್ಯಕೀಯ ಪದವಿಗೆ ಒಂದು, ಪರಿಣತಿಗೆ ಬೇರೆಯೇ ಇನ್ನೊಂದು. ಎರಡನ್ನೂ ಅಲ್ಲಿನ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. 'ಸೌಂದರ್ಯ ಶಸ್ತ್ರಚಿಕಿತ್ಸೆಯಲ್ಲಿ ಮಾಸ್ಟರ್ಸ್' ಎಂದು ಗೋಡೆಗೆ ಚೌಕಟ್ಟು ಹಾಕಿಸಿಕೊಂಡವರು ಬೇಕಾದಷ್ಟಿದ್ದಾರೆ. ಅದು ಪ್ಲಾಸ್ಟಿಕ್ ಸರ್ಜನ್ ಆಗುವ ಪರಿಣತಿಯಲ್ಲ. ನನ್ನ ವೈದ್ಯರ ಎರಡೂ ಸಂಖ್ಯೆಗಳನ್ನು ನೋಡಿದೆ, ಮೆಕ್ಸಿಕೋದ ಪ್ಲಾಸ್ಟಿಕ್ ಸರ್ಜರಿ ಮಂಡಳಿಯಲ್ಲಿ ಅವರ ಹೆಸರು ನೋಡಿದೆ, ಅರಿವಳಿಕೆ ಕೊಡುವವರು ಯಾರೆಂದು ಕೇಳಿ ಅವರದ್ದನ್ನೂ ನೋಡಿದೆ. ಆರು ತಿಂಗಳಿಂದ ತೂಕ ಒಂದೇ ಮಟ್ಟದಲ್ಲಿ ನಿಂತಿದೆಯೆಂದು ನಾನೂ ವೈದ್ಯರಿಗೆ ತೋರಿಸಬೇಕಾಯಿತು. ಬೈಪಾಸ್ ಆದವರಲ್ಲಿ ಕಬ್ಬಿಣ, ಬಿ12, ಪ್ರೋಟೀನ್ ಕಡಿಮೆಯಿರುವುದು ಮಾಮೂಲು. ಗಾಯ ಮಾಯಲು ಅವೇ ಬೇಕು. ಹಿಮೋಗ್ಲೋಬಿನ್ ಕಡಿಮೆಯೆಂದು ಒಮ್ಮೆ ದಿನಾಂಕವನ್ನೇ ಮುಂದಕ್ಕೆ ಹಾಕಿದರು. ತೋಳು, ತೊಡೆಯನ್ನೂ ಒಟ್ಟಿಗೇ ಮಾಡಿಬಿಡಿ ಎಂದಿದ್ದಕ್ಕೆ ಖಡಾಖಂಡಿತವಾಗಿ ಆಗುವುದಿಲ್ಲ ಎಂದರು. ಟೇಬಲ್ಲಿನ ಮೇಲೆ ಗಂಟೆಗಳು ಹೆಚ್ಚಿದಷ್ಟೂ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಕೇಳಿದ್ದಕ್ಕೆಲ್ಲ ಹೂಂ ಎನ್ನದ ವೈದ್ಯರು ಸಿಕ್ಕರೆಂದು ನನಗೆ ಧೈರ್ಯ ಬಂದದ್ದು ಅಲ್ಲಿ.

ಶಸ್ತ್ರಚಿಕಿತ್ಸೆ ನನಗೆ ಗೊತ್ತೇ ಆಗಲಿಲ್ಲ. ಕಾಲಿಗೆ ಗಾಳಿ ತುಂಬಿ ಬಿಡುವ ಪಟ್ಟಿ ಕಟ್ಟಿದರು, ಮೂಗಿನ ಮೇಲೆ ಮಾಸ್ಕ್ ಬಂತು, ಅಷ್ಟೇ.

ಎಚ್ಚರವಾದಾಗ ಮೊದಲು ತಿಳಿದದ್ದು ನೋವಲ್ಲ, ಬಿಗಿ. ಪಕ್ಕೆಲುಬಿನಿಂದ ತೊಡೆಯವರೆಗೆ ಯಾರೋ ನನ್ನನ್ನು ಎರಡು ಅಳತೆ ಚಿಕ್ಕ ಮೈಯೊಳಗೆ ತುರುಕಿ ಹೊಲಿದುಬಿಟ್ಟಿದ್ದಾರೆ. ಮಂಡಿಗಳ ಕೆಳಗೆ ದಿಂಬು, ಬೆನ್ನಿನ ಹಿಂದೆ ದಿಂಬು. ಸೊಂಟ ಮಡಿಚಿಯೇ ಮಲಗಬೇಕು, ನೆಟ್ಟಗಾದರೆ ಹೊಲಿಗೆ ಎಳೆಯುತ್ತದೆ. ಸಿಂಕಿನ ಮೇಲಿನ ಗಡಿಯಾರ ಸಂಜೆ ತೋರಿಸುತ್ತಿದೆ. ಗಂಟಲು ಒಣಗಿದೆ.

ಬಿಳಿಗೂದಲಿನ ನರ್ಸ್ ಒಳಗೆ ಬರುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದು ಅಷ್ಟಕ್ಕಷ್ಟೆ, ನನಗೆ ಸ್ಪ್ಯಾನಿಷ್ ಬರುವುದು ಅದಕ್ಕಿಂತ ಕಡಿಮೆ. "ವಾಮೋಸ್, ಮಿಹಾ, ಅ ಕಮಿನಾರ್." ನಡೆಯಬೇಕಂತೆ, ಈಗಲೇ. ತಲೆಯಾಡಿಸುತ್ತೇನೆ, ಆಗುವುದಿಲ್ಲ. ಅವರು ವಾದಕ್ಕೆ ನಿಲ್ಲುವುದಿಲ್ಲ. ಮಂಚದ ತಲೆಭಾಗ ಎತ್ತುತ್ತಾರೆ, ನನ್ನ ಎರಡೂ ಕೈಗಳನ್ನು ತಮ್ಮ ಹೆಗಲಿಗೆ ಹಾಕಿಸಿಕೊಳ್ಳುತ್ತಾರೆ, ಮೊಣಕೈ ಕೆಳಗೆ ಕೈಕೊಟ್ಟು ಎತ್ತುತ್ತಾರೆ. "ಡೆಸ್ಪಾಸಿಯೊ, ಡೆಸ್ಪಾಸಿಯೊ." ಕೋಣೆ ತಿರುಗುತ್ತದೆ. ಅವರ ಹಣೆ ನನ್ನ ಹಣೆಗೆ ತಾಗುವಷ್ಟು ಹತ್ತಿರ, ಉಸಿರಿನಲ್ಲಿ ಕಾಫಿಯ ವಾಸನೆ. ಮಂಚದಿಂದ ಬಾಗಿಲವರೆಗೆ, ಬಾಗಿಲಿಂದ ಮಂಚದವರೆಗೆ. ಗೂನುಬೆನ್ನಿನಲ್ಲಿ ಎಳೆದೆಳೆದು ಇಡುವ ಈ ಹೆಜ್ಜೆಗಳು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರದಂತೆ ಕಾಯುತ್ತವೆ. ತೊಡೆಗೆ ಚುಚ್ಚಿದ ಎನಾಕ್ಸಾಪರಿನ್ ಸೂಜಿಯೂ ಅದಕ್ಕೇ.

ಎರಡೂ ಕಡೆ ಡ್ರೈನ್ ಇಳಿಬಿದ್ದಿದೆ. ಚರ್ಮದೊಳಗಿಂದ ಬಂದ ಸಣ್ಣ ನಳಿಕೆ, ತುದಿಯಲ್ಲಿ ಮೆತ್ತಗಿನ ಪ್ಲಾಸ್ಟಿಕ್ ಬುರುಡೆ. ಬುರುಡೆಯನ್ನು ಹಿಚುಕಿ ಗಾಳಿ ತೆಗೆದು ಮುಚ್ಚಳ ಹಾಕಿದರೆ ಅದು ತನ್ನಷ್ಟಕ್ಕೆ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ನರ್ಸ್ ತೋರಿಸಿಕೊಡುತ್ತಾರೆ: ಚರ್ಮದ ಬಳಿ ನಳಿಕೆಯನ್ನು ಎಡಗೈಯ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿ, ಬಲಗೈ ಬೆರಳಿಗೆ ಕ್ರೀಮ್ ಸವರಿಕೊಂಡು ಮೇಲಿನಿಂದ ಕೆಳಗೆ ಹಿಂಡುತ್ತಾ ಬಾ. ಕೆಂಪು ದಾರದಂಥ ಗಟ್ಟಿ ರಕ್ತ ಜಾರಿ ಬುರುಡೆಗೆ ಬೀಳುತ್ತದೆ. ಅಳತೆಯ ಲೋಟಕ್ಕೆ ಸುರಿದು ಎಷ್ಟು ಎಂಎಲ್ ಎಂದು ಚೀಟಿಯಲ್ಲಿ ಬರೆಯಬೇಕು. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆ ಆದ ಮೇಲೆ ಡ್ರೈನ್ ತೆಗೆಯುತ್ತಾರೆ. ಆತುರಪಟ್ಟು ಮೊದಲೇ ತೆಗೆದರೆ ಚರ್ಮದಡಿ ನೀರು ತುಂಬಿಕೊಳ್ಳುತ್ತದೆ.

ಆಸ್ಪತ್ರೆಯಿಂದ ಚೇತರಿಕೆಯ ಮನೆಗೆ ಕಳಿಸಿದ್ದಾರೆ. ಗುಡ್ಡದ ಮೇಲಿನ ಎರಡಂತಸ್ತಿನ ಮನೆ, ಕೋಣೆಗೆ ಇಬ್ಬಿಬ್ಬರು, ಎಲ್ಲರಿಗೂ ಒರಗು ಕುರ್ಚಿ. ಪಕ್ಕದ ಕುರ್ಚಿಯಲ್ಲಿ ಅರಿಜೋನಾದ ಟ್ರಕ್ ಡ್ರೈವರ್, ನನಗಿಂತ ಹಿರಿಯ ಹೆಂಗಸು. ಆಕೆಯೂ ಒಬ್ಬಳೇ. ಮಕ್ಕಳಿಗೆ ಟೆಕ್ಸಸ್ಸಿಗೆ ಲೋಡು ಒಯ್ಯುತ್ತಿದ್ದೇನೆಂದು ಹೇಳಿ ಬಂದಿದ್ದಾಳೆ. ನಾನು ಡಲ್ಲಾಸಿನ ಕನ್ನಡದ ಗೆಳತಿಯರಿಗೆ ಸ್ಯಾನ್ ಡಿಯಾಗೋದಲ್ಲಿ ಕಾನ್ಫರೆನ್ಸ್ ಎಂದಿದ್ದೇನೆ. ಕೆಳಗಿನ ಕೋಣೆಯ ಹುಡುಗಿ ಏನೂ ಹೇಳದೆಯೇ ಬಂದಿದ್ದಾಳಂತೆ. ನೂರು ಕೆಜಿ ದಾಟಿದ ಮೈಯನ್ನು ಊರೆಲ್ಲ ನೋಡಿ ಆಡಿಕೊಂಡದ್ದನ್ನು ಸಹಿಸಿದವರು ನಾವು. ಅದನ್ನು ಸರಿಮಾಡಿಕೊಳ್ಳುವುದನ್ನು ಮಾತ್ರ ಬಚ್ಚಿಟ್ಟುಕೊಂಡು ಮಾಡುತ್ತಿದ್ದೇವೆ. ಇದು ನನಗೆ ಹೊಲಿಗೆಗಿಂತ ಹೆಚ್ಚು ನೋಯುತ್ತದೆ.

ಅಡುಗೆಯಾಕೆಗೆ ನಾನು ಸಸ್ಯಾಹಾರಿಯೆಂದು ಫೋನಿನಲ್ಲಿ ಬರೆದು ತೋರಿಸಿದೆ. ಬೈಪಾಸ್ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಈಗಂತೂ ತಪ್ಪಿಸುವಂತಿಲ್ಲ. ಆಕೆ ಫ್ರಿಹೋಲೆಸ್ ಕಾಳನ್ನು ಹಂದಿ ಕೊಬ್ಬು ಹಾಕದೆ ನನಗೆಂದೇ ಬೇರೆ ಪಾತ್ರೆಯಲ್ಲಿ ಬೇಯಿಸಿ, ಮಸೆದು, ಮೇಲೆ ಗಿಣ್ಣಿನಂಥ ಬಿಳಿ ಚೀಸ್ ಉದುರಿಸಿ ತಂದಿಡುತ್ತಾಳೆ. ಪ್ರತಿ ಊಟಕ್ಕೂ ತಟ್ಟೆ ಬರಿದಾಯಿತೇ ಎಂದು ಬಂದು ನೋಡುತ್ತಾಳೆ.

ರಾತ್ರಿ ಎಲ್ಲಕ್ಕಿಂತ ಕಷ್ಟ. ಫಾಹಾ ಎಂಬ ಬಿಗಿಯುಡುಪು ಹಗಲೂ ರಾತ್ರಿ ಮೈಮೇಲಿರಬೇಕು. ಅದರ ಕೊಕ್ಕೆಗಳ ಸಾಲು ಹಾಕಲು ಇಬ್ಬರು ಬೇಕು. ನಿದ್ದೆ ಬರದೆ ಟ್ರಕ್ಕಿನಾಕೆ ಮೆಕ್ಸಿಕೋದ ಇನ್ನೊಂದು ಗಡಿಯೂರು ಮತಮೋರೋಸ್‌ನ ಮಾತು ತೆಗೆಯುತ್ತಾಳೆ. 2023ರಲ್ಲಿ ಅಲ್ಲಿನ ಎರಡು ಕ್ಲಿನಿಕ್ಕುಗಳಲ್ಲಿ ಬೆನ್ನುಹುರಿಯ ಬಳಿ ಅರಿವಳಿಕೆ ಕೊಡಿಸಿಕೊಂಡವರಿಗೆ ಫ್ಯುಸೇರಿಯಂ ಎಂಬ ಶಿಲೀಂಧ್ರ ತಗುಲಿ ಮೆನಿಂಜೈಟಿಸ್ ಆಯಿತು, ಹಲವರು ಸತ್ತರು. ಹೆಚ್ಚಿನವರು ಗಡಿ ದಾಟಿ ಬಂದಿದ್ದ ಹೆಂಗಸರು. ಅದೇ ವರ್ಷ ಮಾರ್ಚಿನಲ್ಲಿ ಅದೇ ಊರಿಗೆ ಒಬ್ಬಳ ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಕಾರಿನಲ್ಲಿ ಬಂದ ನಾಲ್ವರನ್ನು ಬಂದೂಕುಧಾರಿಗಳು ಅಪಹರಿಸಿದರು, ಇಬ್ಬರು ಹೆಣವಾದರು. "ಇದೆಲ್ಲ ಗೊತ್ತಿದ್ದೂ ಬಂದೆ" ಎನ್ನುತ್ತಾಳೆ. ನನಗೂ ಗೊತ್ತಿತ್ತು. ಕತ್ತಲಲ್ಲಿ ಇಬ್ಬರೂ ಸುಮ್ಮನಾಗುತ್ತೇವೆ.

ಮೀನಖಂಡದಲ್ಲಿ ಸಣ್ಣ ಸೆಳೆತ. ರಕ್ತ ಹೆಪ್ಪುಗಟ್ಟಿದೆಯೇ? ಬರಿಯ ಸುಸ್ತೇ? ಗಂಟೆ ಒತ್ತುತ್ತೇನೆ. ನರ್ಸ್ ಬಂದು ಎರಡೂ ಕಾಲಿನ ಸುತ್ತಳತೆ ತೆಗೆದು, ಮುಟ್ಟಿ, ಬಗ್ಗಿಸಿ, ಏನಿಲ್ಲ ಎಂದು ಕಂಬಳಿ ಹೊದಿಸುತ್ತಾರೆ. ಏನಿಲ್ಲ, ಸರಿ. ಏನಾದರೂ ಇದ್ದಿದ್ದರೆ ಯಾರಿಗೆ ಫೋನ್ ಮಾಡುತ್ತಿದ್ದರು? ದಾಖಲಾತಿ ಅರ್ಜಿಯಲ್ಲಿ 'ತುರ್ತು ಸಂಪರ್ಕ' ಎಂಬಲ್ಲಿ ನಾನು ಬರೆದಿರುವುದು ಅಕ್ಕನ ನಂಬರು, ಅವಳಿಗೆ ಗೊತ್ತಿಲ್ಲದೆ.

ಇಲ್ಲಿ ರಾತ್ರಿ ಒಂಬತ್ತಾದರೆ ದಾವಣಗೆರೆಯಲ್ಲಿ ಬೆಳಗ್ಗೆ ಒಂಬತ್ತೂವರೆ. ಮಾರನೆಯ ರಾತ್ರಿ ಅಕ್ಕನಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಹಿಂದೆ ಕುಕ್ಕರ್ ಕೂಗುತ್ತಿದೆ.

"ಏನೇ, ಮುಖ ಹಿಂಗ್ಯಾಕೆ ಬಾಡೈತಿ? ಎಲ್ಲಿದ್ದೀಯಾ ನೀನು?"

ಹೇಳುತ್ತೇನೆ. ಮಡಿಕೆ, ಹುಣ್ಣು, ಹತ್ತಿಬಟ್ಟೆ, ವಿಮೆ, ಗಡಿ, ಎಲ್ಲವನ್ನೂ. ಬೈಯುತ್ತಾಳೆಂದು ಕಾಯುತ್ತೇನೆ. ಅವಳು ಒಲೆ ಆರಿಸಿ ಬಂದು ನೆಲದ ಮೇಲೆ ಕೂರುತ್ತಾಳೆ.

"ಒಬ್ಳೇ ಹೋದೇನೇ?"

"ಹೂಂ."

"ನಂಗೂ ಹೇಳ್ಬಾರ್ದು ಅನ್ನಿಸ್ತಾ?" ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. "ಅಮ್ಮಂಗೆ ನಾನು ಹೇಳ್ತೀನಿ, ಅದು ನಂಗಿರ್ಲಿ. ನೀನು ಫೋನ್ ಇಡ್ಬೇಡ. ಹಂಗೇ ಪಕ್ಕದಲ್ಲಿಟ್ಕಂಡು ಮಲಕ್ಕೋ."

ಫೋನನ್ನು ದಿಂಬಿಗೆ ಒರಗಿಸಿ ಇಡುತ್ತೇನೆ. ಅವಳು ಸೊಪ್ಪು ಬಿಡಿಸುವುದು, ಹಾಲಿನವನೊಂದಿಗೆ ಲೆಕ್ಕ ಮಾತಾಡುವುದು ಎಲ್ಲ ಕೇಳಿಸುತ್ತದೆ. ಶಸ್ತ್ರಚಿಕಿತ್ಸೆ ಆದ ಮೇಲೆ ಮೊದಲ ಸಲ ಒಂದೇ ಸಮನೆ ನಾಲ್ಕು ತಾಸು ನಿದ್ದೆ ಬರುತ್ತದೆ.

ಡ್ರೈನ್ ತೆಗೆದ ದಿನ ವೈದ್ಯರು ಕನ್ನಡಿ ತರಿಸುತ್ತಾರೆ. ಬಾವು ಇದೆ, ಎದೆಯಿಂದ ಕೆಳಗೆ ಮತ್ತು ಸೊಂಟದ ಸುತ್ತ ಕೆಂಪು ಗೆರೆಯಿದೆ. ಅದು ಬಿಳಿಚಿಕೊಳ್ಳಲು ವರ್ಷವೇ ಬೇಕು, ಪೂರ್ತಿ ಹೋಗುವುದಿಲ್ಲ. ಕೈ ತನ್ನಷ್ಟಕ್ಕೆ ಹೊಟ್ಟೆಯನ್ನು ಎತ್ತಲು ಹೋಗುತ್ತದೆ. ಎತ್ತುವುದಕ್ಕೆ ಏನೂ ಇಲ್ಲ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಕಡೇಪಕ್ಷ ಹತ್ತು ದಿನ ವಿಮಾನ ಹತ್ತಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಹೇಳುತ್ತದೆ. ಇನ್ನಷ್ಟು ದಿನ ಸೇರಿಸಿ ಹೊರಟಿದ್ದೇನೆ. ಗಡಿಯ ಸಾಲಿನಲ್ಲಿ ವ್ಯಾನಿನ ಕಿಟಕಿಗೆ ಚುರ್ರೋಸ್, ಕಂಬಳಿ, ಮಣ್ಣಿನ ಬೊಂಬೆ ಮಾರುವವರು ಬರುತ್ತಾರೆ. ತೊಡೆಯ ಮೇಲೆ ದಿಂಬು ಒತ್ತಿ ಹಿಡಿದು ಕೂತಿದ್ದೇನೆ. ಡಲ್ಲಾಸಿನ ವಿಮಾನ ನಿಲ್ದಾಣಕ್ಕೆ ಕನ್ನಡದ ಗೆಳತಿಯೊಬ್ಬಳು ಕಾರು ತರುತ್ತಿದ್ದಾಳೆ. ನಿನ್ನೆ ಅವಳಿಗೂ ಹೇಳಿದೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಕಷ್ಟಪಟ್ಟು ತೂಕ ಇಳಿಸಿದವರೊಬ್ಬರು ಇರಬಹುದು. ಉಳಿದ ಚರ್ಮದ ಮಾತು ಅವರು ಎತ್ತಿದಾಗ "ಈಗ ಚೆನ್ನಾಗೇ ಇದ್ದೀಯಲ್ಲ" ಎಂದು ಬಾಯಿ ಮುಚ್ಚಿಸಬೇಡಿ. ಕೂರಿಸಿಕೊಂಡು ಕೇಳಿ. ವೈದ್ಯರ ನೋಂದಣಿ ಸಂಖ್ಯೆಯನ್ನು ಅವರೊಂದಿಗೆ ನೀವೂ ಹುಡುಕಿ. ಹೊರಟರೆ ಜೊತೆಗೆ ಹೋಗಿ. ಹೋಗಲಾಗದಿದ್ದರೆ ಮೊದಲ ರಾತ್ರಿಗಳಲ್ಲಿ ಫೋನ್ ಇಡಬೇಡಿ.